ಮೂರು ರೇಸ್ ಸೈಕಲ್, ಒಂದು ಶನಿವಾರ

ಹೆದ್ದಾರಿ ಅಗಲ ಮಾಡಿದವರು ಲಾರಿಗೆ ಜಾಗ ಕೊಟ್ಟರು, ಬಸ್ಸಿಗೆ ಕೊಟ್ಟರು, ನಡುವೆ ಹೂವಿನ ಗಿಡಕ್ಕೂ ಕೊಟ್ಟರು. ಸೈಕಲಿಗೆ ಒಂದು ಗೇಣು ಕೊಡಲಿಲ್ಲ. ಇದು ತಪ್ಪು. ಆದರೆ ತಪ್ಪನ್ನು ತಪ್ಪು ಎಂದು ಹೇಳಲು ಹೊರಟಾಗಲೆಲ್ಲ ನನಗೆ ಏನಾದರೊಂದು ಆಗಿಯೇ ಆಗುತ್ತದೆ. ಸಿಟ್ಟು ಮಾಡಿಕೊಂಡು ಮನೆಯಿಂದ ಹೊರಡುತ್ತೇನೆ, ಊರಿಗೆಲ್ಲ ನಗುವ ವಿಷಯವಾಗಿ ವಾಪಸು ಬರುತ್ತೇನೆ. ಕಳೆದ ಮಳೆಗಾಲದ ಒಂದೇ ವಾರದ ಕತೆ ಹೇಳುತ್ತೇನೆ, ಕೇಳಿ.

ಮನವಿ ಕೊಟ್ಟ ದಿನ

ಸೋಮವಾರ ನಾನು ಉಡುಪಿಯ ಒಂದು ಸರಕಾರಿ ಕಚೇರಿಗೆ ಮನವಿ ಕೊಡಲು ಹೋದೆ. ಮನವಿಯಲ್ಲಿ ಎರಡು ಬೇಡಿಕೆ. ಒಂದು, ಹೆದ್ದಾರಿಯಲ್ಲಿ ಸೈಕಲಿಗೆ ದಾರಿ ಬೇಕು. ಎರಡು, ಕಚೇರಿಯ ಎದುರು ಸೈಕಲ್ ನಿಲ್ಲಿಸಲು ಜಾಗ ಬೇಕು. ಕೊಡದಿದ್ದರೆ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಉಡುಪಿಯಿಂದ ಕಾಪುವಿಗೆ ಸೈಕಲ್ ಜಾಥಾ, ಮುಂದಾಳತ್ವ ನನ್ನದೇ ಎಂದು ಕೆಳಗೆ ಕೆಂಪು ಶಾಯಿಯಲ್ಲಿ ಬರೆದಿದ್ದೆ.

ಗುಮಾಸ್ತರು ಸೀಲು ಹೊಡೆದರು. ಹೊರಗೆ ಬಂದು ನೋಡಿದರೆ, ಮಣ್ಣು ತುಂಬಿದ ಟಿಪ್ಪರ್ ಹಿಂದಕ್ಕೆ ಬಂದು ರಸ್ತೆ ಬದಿಯಲ್ಲಿ ನಿಲ್ಲಿಸಿದ್ದ ನನ್ನ ಸೈಕಲನ್ನು ನೀರುದೋಸೆ ಮಾಡಿ ಹೋಗಿತ್ತು. ನಾನು ಅದನ್ನು ಎತ್ತಿಕೊಂಡು ಒಳಗೆ ಹೋಗಿ ಗುಮಾಸ್ತರ ಮೇಜಿನ ಮೇಲೆಯೇ ಇಟ್ಟೆ.

"ಇದೆಂತ ಮಾರಾಯ್ರೆ?" ಎಂದರು.

"ನನ್ನ ಎರಡನೆಯ ಬೇಡಿಕೆ," ಎಂದೆ.

ಅವರು ಕನ್ನಡಕ ಏರಿಸಿ ಎರಡೂ ಬದಿಯಿಂದ ನೋಡಿದರು. "ಲಗತ್ತು ಇದ್ದರೆ ಎರಡು ಪ್ರತಿ ಕೊಡಬೇಕು," ಎಂದರು.

ತುಕ್ಕಿಗೆ ಬೆಲೆ

ಜಾಥಾಕ್ಕೆ ಆರು ದಿನ, ಮುಂದಾಳಿಗೆ ಸೈಕಲ್ ಇಲ್ಲ. ಹೊಸ ಸೈಕಲುಗಳು ಎಮ್ಮೆಯಷ್ಟು ಭಾರ. ನಮ್ಮ ಹೆದ್ದಾರಿಯಲ್ಲಿ ಆಚೆ ದಾಟಲು ಡಿವೈಡರಿನ ಮೇಲೆ ಸೈಕಲನ್ನು ಹೆಗಲಿಗೆ ಹಾಕಿಕೊಂಡು ಹತ್ತಬೇಕು. ಅದಕ್ಕೆ ಹಳೆಯ ರೇಸ್ ಸೈಕಲೇ ಸರಿ: ಸಪೂರ ಟಯರು, ಟಗರಿನ ಕೊಂಬಿನಂತೆ ಬಾಗಿದ ಹ್ಯಾಂಡಲ್, ಒಂದು ಕೈಯಲ್ಲಿ ಎತ್ತುವಷ್ಟು ಹಗುರ. ವಿಚಾರಿಸಿದಾಗ ಅಂಥವು ಮೂರು ಸಿಕ್ಕಿದವು: ಒಂದು ಮಣಿಪಾಲದಲ್ಲಿ, ಒಂದು ಕಾಪುವಿನಲ್ಲಿ, ಒಂದು ಕಾರ್ಕಳದಲ್ಲಿ. ಮೂರನ್ನೂ ನೋಡಿ ಒಂದನ್ನು ಆರಿಸುವುದೆಂದು ಹೊರಟೆ.

ಮಣಿಪಾಲದ್ದು ಧಾರವಾಡದ ಕಡೆಯ ಒಬ್ಬ ವಿದ್ಯಾರ್ಥಿಯದ್ದು. ಬಾಡಿಗೆ ಕೋಣೆಯಲ್ಲಿ ಅವನು ಮಲಗುವುದು ನೆಲದ ಮೇಲೆ, ಸೈಕಲ್ ಮಾತ್ರ ಗೋಡೆಯ ಮೇಲೆ, ದೇವರ ಫೋಟೋಕ್ಕಿಂತ ಒಂದು ಮೊಳ ಎತ್ತರದಲ್ಲಿ.

ಕೆಳಗಿಳಿಸಿ ನೋಡಿದೆ. ಫ್ರೇಮ್ ಗಟ್ಟಿ, ಗೇರು ಸರಿ, ಹ್ಯಾಂಡಲಿನ ಬುಡದಲ್ಲಿ ಸ್ವಲ್ಪ ತುಕ್ಕು. ಅವನು ಚಹಾ ತರಲು ಹೋದಾಗ ಸುಮ್ಮನೆ ಕುಳಿತುಕೊಳ್ಳುವುದು ಯಾಕೆ ಎಂದು ನನ್ನ ಚೀಲದಲ್ಲಿದ್ದ ಸೀಮೆಎಣ್ಣೆಯ ಬಟ್ಟೆ ತೆಗೆದು ಉಜ್ಜಿದೆ. ಫಳಫಳ ಹೊಳೆಯಿತು.

ಅವನು ಬಾಗಿಲಲ್ಲೇ ನಿಂತುಬಿಟ್ಟ. "ಅಂಕಲ್! ಒರೆಸಬ್ಯಾಡ್ರಿ! ಅದು ಒರಿಜಿನಲ್ ತುಕ್ಕು ರೀ!"

"ತುಕ್ಕಿನಲ್ಲಿ ಡೂಪ್ಲಿಕೇಟ್ ಕೂಡ ಉಂಟಾ?"

"ನಲವತ್ತು ವರ್ಷದ್ದು ರೀ ಅಂಕಲ್! ಗೊತ್ತಿದ್ದವರು ಆ ತುಕ್ಕು ನೋಡೇ ರೇಟ್ ಕಟ್ಟೋದು. ಅರ್ಧಕ್ಕರ್ಧ ರೇಟ್ ಇಳಿಸಿಬಿಟ್ರಲ್ಲ!"

"ಒಳ್ಳೆಯದಾಯಿತು, ಆ ಅರ್ಧ ರೇಟಿಗೇ ನನಗೆ ಕೊಡು," ಎಂದೆ. ಕೊಡಲು ಒಪ್ಪಿದ, ಆದರೆ ಒಂದು ಷರತ್ತು: ಸೈಕಲನ್ನು ಮಳೆಗೆ ತೆಗೆಯಬಾರದು. ಜುಲೈ ತಿಂಗಳಲ್ಲಿ, ಉಡುಪಿಯಲ್ಲಿ!

ನಾನು ಎದ್ದೆ. ಹೊರಡುವಾಗ ಅವನ ಕೈ ಹಿಡಿದು ಹೇಳಿದೆ: "ಒಮ್ಮೆ ನಮ್ಮ ಮನೆಗೆ ಬಾ. ಗೇಟು, ಕಿಟಕಿಯ ಸರಳು, ಟ್ಯಾಂಕಿನ ಸ್ಟ್ಯಾಂಡು ಎಲ್ಲ ಒರಿಜಿನಲ್. ಮುಟ್ಟಿದರೆ ಕೈಗೇ ಬರುತ್ತದೆ. ನಾವೆಲ್ಲ ಇಷ್ಟು ಶ್ರೀಮಂತರೆಂದು ಇವತ್ತೇ ನನಗೆ ಗೊತ್ತಾದದ್ದು."

ದಪ್ಪ ಹಗ್ಗಕ್ಕೊಂದು ಗೇರು

ಗುರುವಾರ ಕಾಪುವಿಗೆ ಹೋದೆ. ಕಡಲಿಗೆ ಇಳಿಯಬಾರದ ತಿಂಗಳು. ದೋಣಿಗಳು ದಡದಲ್ಲಿ, ಎಲ್ಲರೂ ಬಲೆ ಸರಿಮಾಡುವ ಕೆಲಸದಲ್ಲಿ. ಮೀನು ಮಾರುವ ಒಬ್ಬ ಅಕ್ಕನ ಮನೆಯಲ್ಲಿ, ಅವರ ಗಂಡ ಹಿಂದೆ ಮುಂಬೈಯಿಂದ ತಂದ ರೇಸ್ ಸೈಕಲ್ ಉಂಟೆಂದು ಕೇಳಿದ್ದೆ.

ಉಂಟು, ಆದರೆ ತಲೆಕೆಳಗೆ. ಸೀಟು ನೆಲದ ಮೇಲೆ, ಚಕ್ರ ಆಕಾಶಕ್ಕೆ. ಹಿಂದಿನ ಚಕ್ರದ ಟಯರು ತೆಗೆದು ಆ ಜಾಗದಲ್ಲಿ ಬಲೆಯ ಹಗ್ಗ ಸುತ್ತುತ್ತಿದ್ದರು. ಅಕ್ಕ ಪೆಡಲನ್ನು ಕೈಯಲ್ಲಿ ತಿರುಗಿಸುತ್ತಾ ಕುಳಿತಿದ್ದರು.

"ಅಕ್ಕ, ಇದು ರೇಸ್ ಸೈಕಲ್. ಇದನ್ನು ಹೀಗೆ ಮಾಡಬಹುದಾ?"

"ಗೇರು ಬೇರೆ ಯಾಕೆ ಕೊಟ್ಟದ್ದು ಮತ್ತೆ?" ಎಂದರು. "ದಪ್ಪ ಹಗ್ಗಕ್ಕೆ ಈ ಗೇರು, ಸಪೂರ ಹಗ್ಗಕ್ಕೆ ಆ ಗೇರು. ಮಾಡಿದವನಿಗೆ ಬುದ್ಧಿ ಉಂಟು."

ನನಗೆ ಸಿಟ್ಟು ಬಂತು. ಹೆದ್ದಾರಿ, ಹೂವಿನ ಗಿಡ, ಟಿಪ್ಪರ್, ಬಡವರ ಸವಾರಿಗೆ ಆದ ಅನ್ಯಾಯ ಎಲ್ಲವನ್ನೂ ಹೇಳಲು ಸುರು ಮಾಡಿದೆ. ಅಕ್ಕ ಗಮನವಿಟ್ಟು ಕೇಳಿದರು. "ನಿಲ್ಲಿಸಬೇಡಿ ಅಣ್ಣ, ಒಳ್ಳೆಯದಾಗಿ ಹೇಳ್ತೀರಿ. ಇದನ್ನು ಒಂಚೂರು ಹಿಡ್ಕೊಳ್ಳಿ, ನಾನು ಅನ್ನ ನೋಡಿ ಬರ್ತೇನೆ," ಎಂದು ಪೆಡಲನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದರು.

ನಾನು ಭಾಷಣ ಮಾಡುತ್ತಾ ತಿರುಗಿಸಿದೆ. ಸಿಟ್ಟು ಏರಿದ ಹಾಗೆ ಚಕ್ರವೂ ಜೋರಾಯಿತು. ಮುಗಿಸಿ ನೋಡಿದರೆ ಬೆಳಿಗ್ಗೆಯಿಂದ ಬಿದ್ದಿದ್ದ ಹಗ್ಗವೆಲ್ಲ ಸುತ್ತಿ ಆಗಿತ್ತು. ದೋಣಿ ಇಳಿಯುವವರೆಗೆ ಸೈಕಲ್ ಮಾರುವುದಿಲ್ಲ ಎಂದು ಅಕ್ಕ ಖಡಾಖಂಡಿತ ಹೇಳಿದರು. ಮತ್ತೆ ಬಾಗಿಲವರೆಗೆ ಬಂದು, "ನಾಳೆ ಪಕ್ಕದ ಮನೆಯದ್ದು ಉಂಟು. ಅಲ್ಲಿಯೂ ಒಂದು ಭಾಷಣ ಇಟ್ಟುಕೊಳ್ತೀರಾ?" ಎಂದು ಕೇಳಿದರು.

ಶನಿವಾರದ ಕಬ್ಬಿಣ

ಉಳಿದದ್ದು ಕಾರ್ಕಳ. ಅಲ್ಲಿ ನಿವೃತ್ತ ಡ್ರಿಲ್ ಮಾಸ್ಟ್ರೊಬ್ಬರು ನೀಲಿ ಬಣ್ಣದ ರೇಸ್ ಸೈಕಲನ್ನು ವಾರಕ್ಕೊಮ್ಮೆ ಎಣ್ಣೆ ಹಾಕಿ ಇಟ್ಟಿದ್ದರು. ಶುಕ್ರವಾರ ಅವರು ಊರಲ್ಲಿರಲಿಲ್ಲ. ಶನಿವಾರ ಹೋದೆ. ಅಂಗಳದಲ್ಲಿ ಎರಡು ಸುತ್ತು ಹೊಡೆದೆ. ಬಾಣದ ಹಾಗೆ ಹೋಯಿತು. ಮೂರರಲ್ಲಿ ಇದೇ ಎಂದು ತೀರ್ಮಾನಿಸಿ ಹಣ ತೆಗೆದೆ.

ಮಾಸ್ಟ್ರು ಕೈ ಹಿಂದಕ್ಕೆ ಕಟ್ಟಿಕೊಂಡರು. "ಇವತ್ತು ಶನಿವಾರ. ಕಬ್ಬಿಣ ಕೊಡಲಿಕ್ಕಿಲ್ಲ, ತೆಗೆದುಕೊಳ್ಳಲಿಕ್ಕೂ ಇಲ್ಲ. ನಾಳೆ ಸೂರ್ಯ ಹುಟ್ಟಿದ ಮೇಲೆ ಬನ್ನಿ."

ನಾಳೆ ಸೂರ್ಯ ಹುಟ್ಟಿದ ಮೇಲೆ ಇಲ್ಲಿಂದ ತುಳಿದು ಏಳು ಗಂಟೆಗೆ ಉಡುಪಿ ಮುಟ್ಟುವುದು ಉಂಟಾ? ಇಂಥ ನಂಬಿಕೆಗಳ ವಿರುದ್ಧ ಇಪ್ಪತ್ತು ವರ್ಷ ಬಾಯಿ ಹರಿಯುವಷ್ಟು ಮಾತಾಡಿದವನು ನಾನು. ಆದರೆ ಆವತ್ತು ಸುಳ್ಳು ಹೇಳಿದೆ. "ಮಾಸ್ಟ್ರೇ, ಇದು ಕಬ್ಬಿಣ ಅಲ್ಲ. ಅಲ್ಯೂಮಿನಿಯಂ."

ಅವರು ಒಳಗೆ ಹೋಗಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಮಾವಿನಹಣ್ಣಿನ ಆಕಾರದ ಅಯಸ್ಕಾಂತ ತಂದರು. ಫ್ರೇಮಿಗೆ ಇಟ್ಟರು. ಟಪ್ ಎಂದು ಅಂಟಿತು.

"ಅದು ಸ್ಟೀಲ್," ಎಂದೆ.

"ನಾನು ಡ್ರಿಲ್ ಮಾಸ್ಟ್ರಾದರೂ ಇದ್ದದ್ದು ಶಾಲೆಯಲ್ಲೇ ಮಾರಾಯ್ರೆ."

ಅಷ್ಟರಲ್ಲಿ ಅವರ ಹೆಂಡತಿ ಒಳಗಿನಿಂದ ಬಂದರು. "ಕೊಟ್ಟರೆ ಅಲ್ವಾ ದೋಷ? ಅವರೇ ಕದ್ದುಕೊಂಡು ಹೋದರೆ ನಮಗೆಂತ?"

ಮಾಸ್ಟ್ರು ಬಹಳ ಹೊತ್ತು ಯೋಚಿಸಿದರು. ಶನಿವಾರ ಕದಿಯಬಾರದೆಂದು ಯಾರೂ ಹೇಳಿದ್ದಿಲ್ಲ. ಹಣಕ್ಕೂ ತೊಂದರೆ ಇಲ್ಲ, ಅದು ಕಾಗದ. ಹಣವನ್ನು ಜಗಲಿಯಲ್ಲಿ ಇಡಲು ಹೇಳಿದರು, ಹೆಂಡತಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡರು, ಶಾಲೆಯ ಮೈದಾನದ ಸ್ವರದಲ್ಲಿ "ಹಿಂದೆ ತಿರುಗ್!" ಎಂದರು. ಗಂಡ ಹೆಂಡತಿ ಇಬ್ಬರೂ ಗೋಡೆಗೆ ಮುಖ ಮಾಡಿ ನಿಂತರು. ನಾನು ಕದ್ದೆ.

ಇಳಿಜಾರಿನ ಕೆಳಗೆ ರಿಕ್ಷಾ ಸ್ಟ್ಯಾಂಡು. "ಏ, ಅದು ಮಾಸ್ಟ್ರ ಸೈಕಲ್!" ಎಂದು ನಾಲ್ಕು ರಿಕ್ಷಾದವರು ಅಡ್ಡ ನಿಂತರು. ನಾಳೆ ಏಳಕ್ಕೆ ಉಡುಪಿಯಲ್ಲಿ ಜಾಥಾ, ಅದಕ್ಕೆ ಕೊಂಡುಕೊಂಡದ್ದು ಎಂದೆ. ಒಬ್ಬ ಮಾಸ್ಟ್ರಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದ.

"ಮಾಸ್ಟ್ರೇ, ನಿಮ್ಮ ಸೈಕಲ್ ಮಾರಿದ್ರಾ?"

"ಇಲ್ಲ."

"ಯಾರಿಗಾದರೂ ಕೊಟ್ರಾ?"

"ಇವತ್ತಾ? ಛೆ, ಛೆ, ಇಲ್ಲ."

"ಮತ್ತೆ ಇಲ್ಲೊಬ್ಬರ ಹತ್ತಿರ ಉಂಟಲ್ಲ. ಕದ್ದದ್ದಾ?"

ಮಾಸ್ಟ್ರು ಹೆಂಡತಿಯನ್ನು ಕರೆದು ಏನೋ ವಿಚಾರಿಸಿದ್ದು ಸ್ಪೀಕರಿನಲ್ಲಿ ಕೇಳಿಸಿತು. ಆಮೇಲೆ ಮಾಸ್ಟ್ರು ಹೇಳಿದರು: "ಹೌದು. ಆದರೆ ಒಳ್ಳೆಯ ಮನುಷ್ಯ, ಮರ್ಯಾದೆಯಲ್ಲಿ ಕದ್ದದ್ದು. ಬಿಟ್ಟುಬಿಡಿ."

ಬಿಡಲಿಲ್ಲ. ಸೈಕಲನ್ನು ಕಂಬಕ್ಕೆ ಕಟ್ಟಿದರು, ನನ್ನ ಫೋಟೋ ತೆಗೆದರು, ಬಸ್ಸು ಹತ್ತಿಸಿದರು. ಬಸ್ಸು ಅರ್ಧ ದಾರಿಗೆ ಬರುವಷ್ಟರಲ್ಲಿ ಪಕ್ಕದಲ್ಲಿ ಕುಳಿತವರು ಮೊಬೈಲ್ ನನ್ನತ್ತ ತಿರುಗಿಸಿ, "ನೋಡಿ, ಸೈಕಲ್ ಕಳ್ಳ. ನಾಳೆ ಏಳಕ್ಕೆ ಉಡುಪಿಯಲ್ಲಿ ಜಾಥಾ ಬೇರೆ ಉಂಟಂತೆ. ಈ ಪ್ರಾಯದಲ್ಲಿ!" ಎಂದರು. ಮತ್ತೆ ನನ್ನ ಮುಖ ನೋಡಿದರು. ಮತ್ತೆ ತಮ್ಮ ಚೀಲವನ್ನು ಮಡಿಲಿಗೆ ಎಳೆದುಕೊಂಡರು.

ಭಾನುವಾರ ಬೆಳಿಗ್ಗೆ ಏಳಕ್ಕೆ ಉಡುಪಿಯಲ್ಲಿ ಸೈಕಲ್ ಇಲ್ಲದೆ ನಿಂತಿದ್ದೆ. ಜಾಥಾಕ್ಕೆ ಬಂದವರು ಒಂಬತ್ತು ಜನ, ಎಲ್ಲ ಕಟ್ಟಡ ಕೆಲಸಕ್ಕೆ ಸೈಕಲಿನಲ್ಲೇ ಹೋಗುವ ಗದಗ, ಬಾಗಲಕೋಟೆ ಕಡೆಯವರು. ಏಳೂವರೆಗೆ ಕಾರ್ಕಳದ ರಿಕ್ಷಾ ಬಂತು. ಹಿಂದಿನ ಸೀಟಿನಲ್ಲಿ ಮಾಸ್ಟ್ರು, ಅವರ ಮಡಿಲಲ್ಲಿ ನೀಲಿ ಸೈಕಲ್. ಇಳಿದು ಸೀಟಿ ಊದಿದರು. "ಸೂರ್ಯ ಹುಟ್ಟಿ ಆಯಿತು. ಕೊಟ್ಟೆ!" ಎಂದು ಊರಿಗೆಲ್ಲ ಕೇಳುವಂತೆ ಕೂಗಿದರು.

ಊರೇನೋ ಅಲ್ಲೇ ಇತ್ತು. ಇಪ್ಪತ್ತು ವರ್ಷ ಕರಪತ್ರ ಹಂಚಿದರೂ ಹತ್ತು ಜನ ಸೇರದ ಜಾಗದಲ್ಲಿ ಆವತ್ತು ಅರವತ್ತು ಜನ ಇದ್ದರು. ಜಾಥಾಕ್ಕಲ್ಲ. ಕಳ್ಳನನ್ನು ನೋಡಲು.

ಪ್ರತಿ ಸಲ ನನಗೆ ಕದಿಯಲು ಆಗುವುದಿಲ್ಲ. ಹೆದ್ದಾರಿಯಲ್ಲಿ ಸೈಕಲಿಗೆ ಇನ್ನೂ ದಾರಿ ಕೊಟ್ಟಿಲ್ಲ, ಆ ಒಂಬತ್ತು ಜನ ಇವತ್ತೂ ಲಾರಿಯ ಪಕ್ಕದಲ್ಲೇ ಕೆಲಸಕ್ಕೆ ಹೋಗುತ್ತಿದ್ದಾರೆ. ನೋಡಲು ಬಂದ ಅರವತ್ತು ಜನರಲ್ಲಿ ನೀವೂ ಇದ್ದಿರಿ, ನನಗೆ ಗೊತ್ತು. ಮೊಬೈಲ್ ಒಳಗಿಡಿ. ಮನೆಯಲ್ಲಿ ಮೂಲೆಗೆ ಬಿದ್ದಿರುವ ಸೈಕಲನ್ನು ಹೊರಗೆ ತನ್ನಿ, ಗಾಳಿ ಹೊಡೆಯಿರಿ, ಬರುವ ಭಾನುವಾರ ಏಳು ಗಂಟೆಗೆ ಹೆದ್ದಾರಿಗೆ ಇಳಿಯಿರಿ.