ಹತ್ತಿಯಂಗಡಿಯ ಆಕಾಶವಾಣಿ

ಈ ಊರಿಗೆ ನನ್ನ ದನಿಯ ಬೆಲೆ ಗೊತ್ತಾಗಿಲ್ಲ ಎಂಬ ಸತ್ಯ ನನಗೆ ಹೊಳೆದದ್ದು ಐವತ್ತೆಂಟನೇ ವಯಸ್ಸಿನಲ್ಲಿ, ಹತ್ತಿ ಹಿಂಜುವ ಯಂತ್ರ ಕೆಟ್ಟು ನಿಂತ ಒಂದು ಮಧ್ಯಾಹ್ನ. ಅಷ್ಟು ವರ್ಷ ಅದರ ಗದ್ದಲದಲ್ಲಿ ನಾನು ಏನು ಹೇಳುತ್ತಿದ್ದೆನೋ ನನಗೇ ಕೇಳಿಸುತ್ತಿರಲಿಲ್ಲ. ಅವತ್ತು ಕೇಳಿಸಿತು. ಎಂಥ ದನಿ! ತುಂಬು ದನಿ, ನಿಧಾನದ ದನಿ, ರಾಜನೊಬ್ಬ ಸಿಂಹಾಸನದಿಂದ ಪ್ರಜೆಗಳನ್ನು ವಿಚಾರಿಸಿಕೊಳ್ಳುವಂಥ ದನಿ. ಇದನ್ನು ದಿಂಬುಗಳ ನಡುವೆ ಹೂತಿಟ್ಟುಬಿಟ್ಟೆನಲ್ಲ ಎಂದು ಹೊಟ್ಟೆ ಉರಿಯಿತು.

"ಬೀಯುನ್, ಬರೆದಿಟ್ಕೋ," ಎಂದು ಹೆಂಡತಿಗೆ ಘೋಷಿಸಿದೆ. "ಇನ್ನು ಸ್ವಲ್ಪ ದಿನದಲ್ಲಿ ಇಡೀ ತೈವಾನ್ ನನ್ನ ಮಾತು ಕೇಳುತ್ತೆ."

ಅವಳು ಹೊಲಿಯುತ್ತಿದ್ದ ದಾರವನ್ನು ಹಲ್ಲಿನಲ್ಲಿ ಕಡಿದು, "ಪಾಪ, ತೈವಾನ್ ಏನು ತಪ್ಪು ಮಾಡಿದೆ?" ಎಂದಳು.

ನಾನು ತ್ಸಾಯ್ ಕುನ್‌ಮಾವ್. ಚಿಯಾಯಿ ಪಟ್ಟಣದಲ್ಲಿ ಕೈಯಿಂದ ರಜಾಯಿ ಮಾಡುವ ಅಂಗಡಿ ನಮ್ಮದು. ಒಂದು ಕಾಲದಲ್ಲಿ ಮದುವೆ ನಿಶ್ಚಯವಾದರೆ ಹೆಣ್ಣಿನ ತಾಯಿ ಮೊದಲು ನಮ್ಮ ಬಾಗಿಲಿಗೆ ಬರುತ್ತಿದ್ದಳು. ಹತ್ತಿಯ ಮೇಲೆ ಕೆಂಪು ದಾರದ ಬಲೆ ಹರಡಿದ ದಪ್ಪ ರಜಾಯಿ ಇಲ್ಲದೆ ಮಗಳು ಗಂಡನ ಮನೆಗೆ ಹೋಗುವಂತಿರಲಿಲ್ಲ. ಈಗ ರಸ್ತೆಯಾಚೆ ದೊಡ್ಡ ಮಳಿಗೆಯೊಂದು ಬಂದಿದೆ. ಗಾಳಿ ಹೀರಿ ಚಪ್ಪಟೆ ಮಾಡಿದ ರಜಾಯಿಗಳನ್ನು ಅಲ್ಲಿ ಹಪ್ಪಳದ ಹಾಗೆ ಜೋಡಿಸಿಟ್ಟಿರುತ್ತಾರೆ. ಜನ ಅದಕ್ಕೇ ಮುಗಿಬೀಳುತ್ತಾರೆ.

ಅದರ ಮೇಲೆ ಇನ್ನೊಂದು ಕಂಟಕ. ಸಾಬಕ್ಕಿ ಗುಂಡು ಹಾಕಿದ ತಂಪು ಚಹಾ ಮಾರುವ ಕಂಪನಿಯವರು ನಮ್ಮ ಅಂಗಡಿಯ ಮುಂಭಾಗವನ್ನು ಬಾಡಿಗೆಗೆ ಕೇಳಿದ್ದರು. ನಾವು ಹಿಂದಿನ ಕತ್ತಲೆ ಕೋಣೆಗೆ ಸರಿದು ಹೊಲಿದುಕೊಳ್ಳಬಹುದಂತೆ. ಬೀಯುನ್ ಅಳೆದು ತೂಗಿ ಹೇಳಿಬಿಟ್ಟಿದ್ದಳು: "ಹೊಸ ವರ್ಷದೊಳಗೆ ವ್ಯಾಪಾರ ಕುದುರಿದ್ರೆ ಸರಿ. ಇಲ್ಲ ಅಂದ್ರೆ ನಾನು ಸಹಿ ಹಾಕೋದೇ." ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದೇ ನನ್ನನ್ನು ಹೆದರಿಸಿದ್ದು.

ಕಾವ್‌ಶ್ಯುಂಗ್‌ನ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಮಗಳು ಪೇಯ್‌ಶಾನ್ ಫೋನಿನಲ್ಲಿ ಉಪಾಯ ಹೇಳಿದಳು. "ಅಪ್ಪಾ, ಈಗ ಎಲ್ಲಾ ಆನ್‌ಲೈನ್. ಅಂಗಡಿಯ ಫೋಟೊ ಹಾಕು."

ಹಾಕಿದೆ. ಬಿಳಿ ಗೋಡೆಗೆ ಬಿಳಿ ರಜಾಯಿ ನೇತುಹಾಕಿ, ಎಲ್ಲ ದೀಪ ಹೊತ್ತಿಸಿ ಫೋಟೊ ತೆಗೆದೆ. "ಇದರಲ್ಲಿ ರಜಾಯಿ ಎಲ್ಲಿದೆ?" ಎಂದು ಒಬ್ಬರು ಕೇಳಿದರು. ಕೇಳಿದವರು ನನ್ನ ಸ್ವಂತ ತಮ್ಮ. ಮಗಳು ವಿಡಿಯೊ ಮಾಡು ಎಂದಳು. ಮಾಡಿದೆ. ಫೋನನ್ನು ದಾರದ ಉಂಡೆಗೆ ಒರಗಿಸಿ ಅರ್ಧ ಗಂಟೆ ಅಮೋಘವಾಗಿ ಮಾತಾಡಿದೆ. ಆಮೇಲೆ ನೋಡಿದರೆ ಗಲ್ಲದಿಂದ ಕೆಳಗೆ ನಾನಿದ್ದೇನೆ, ಮೇಲೆ ಇಲ್ಲ. ಹೊಟ್ಟೆಯೊಂದು ಕೈ ಆಡಿಸುತ್ತಾ ಹತ್ತಿಯ ಬಗ್ಗೆ ಉಪನ್ಯಾಸ ಕೊಡುತ್ತಿತ್ತು.

"ಹಾಗಾದ್ರೆ ಪಾಡ್‌ಕಾಸ್ಟ್ ಮಾಡಪ್ಪ. ಬರೀ ಮಾತು. ಜನ ಕೆಲಸ ಮಾಡ್ತಾ ಕೇಳ್ತಾರೆ," ಎಂದಳು ಮಗಳು.

"ಅದು ಒಳ್ಳೇದು," ಎಂದಳು ಬೀಯುನ್. "ಮುಖ ಕಾಣಲ್ಲ."

ಹೀಗೆ ಹುಟ್ಟಿತು 'ಹತ್ತಿಯ ಮಾತು'. ಮೈಕು ತರಿಸಿದೆ. ಸದ್ದು ಮಾರ್ದನಿಸಬಾರದೆಂದು ಉಗ್ರಾಣದ ರಜಾಯಿ ರಾಶಿಯೊಳಗೆ ನುಗ್ಗಿ, ತಲೆಯ ಮೇಲೂ ಒಂದನ್ನು ಎಳೆದುಕೊಂಡು ಕೂತೆ. ಹೊರಗೆ ಆಗಸ್ಟ್ ತಿಂಗಳ ಬಿಸಿಲು. ಒಳಗೆ ನಾನು, ಹಬೆಯಲ್ಲಿಟ್ಟ ಹಿಟ್ಟಿನುಂಡೆ. ಮುಕ್ಕಾಲು ಗಂಟೆ ಕಳೆದ ಮೇಲೆ ಬೀಯುನ್ ಬಾಗಿಲು ತೆಗೆದು ನನ್ನ ಕೆನ್ನೆ ಚುಚ್ಚಿ ನೋಡಿದಳು. "ಬೆಂದಿದೆ. ಇಳಿಸಬಹುದು."

ಮೊದಲ ಸಂಚಿಕೆಯಲ್ಲಿ ಹತ್ತಿಬೀಜದ ವಿಚಾರ ಹೇಳಿದೆ. ಎರಡನೆಯದರಲ್ಲಿ ಬೀಜ ಬಿಡಿಸುವುದು. ಮೂರನೆಯದರಲ್ಲಿ, ಬೀಜ ಬಿಡಿಸುವಾಗ ನನ್ನ ಅಪ್ಪ ಯಾವ ಕಡೆಗೆ ಮುಖ ಮಾಡಿ ಕೂರುತ್ತಿದ್ದರು ಮತ್ತು ಯಾಕೆ. ಹೇಳುವುದು ಸಮುದ್ರದಷ್ಟಿತ್ತು.

ಮೊದಲು ಯಾರೂ ಕೇಳಲಿಲ್ಲ. ಆಮೇಲೆ ಯಾರೋ ಕೇಳಿದರು. ಆಮೇಲೆ ಏನಾಯಿತೋ, ಹತ್ತಿಯವನು ಹತ್ತಿದ್ದೇ ಹತ್ತಿದ್ದು! ಕೇಳುಗರ ಸಂಖ್ಯೆ ದಿನದಿನಕ್ಕೆ ಏರಿತು. ನನಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಹೊಲಿಯುವಾಗ ಒಮ್ಮೆ ಫೋನ್ ನೋಡುವುದು, ಬೆರಳಿಗೆ ಸೂಜಿ ಚುಚ್ಚಿಕೊಳ್ಳುವುದು, ಆ ಬೆರಳು ಚೀಪುತ್ತಾ ಇನ್ನೊಮ್ಮೆ ನೋಡುವುದು. ಸ್ನಾನಕ್ಕೆ ಹೋದರೆ ಸೋಪು ಹಚ್ಚಿದ ಮೈಯಲ್ಲೇ ಹೊರಗೆ ಬಂದು ನೋಡುವುದು.

"ಅದೇನು ಮೊಟ್ಟೆ ಇಡುತ್ತಾ?" ಎಂದಳು ಬೀಯುನ್. "ಹಾಗೆ ಕಾವು ಕೊಡ್ತಾ ಕೂತಿದೀರಲ್ಲ."

ಆದರೆ ವ್ಯಾಪಾರವೂ ಏರಿತೆನ್ನುವುದನ್ನು ಅವಳೂ ಒಪ್ಪಬೇಕಾಯಿತು. ಕಣ್ಣಿನ ಸುತ್ತ ಕಪ್ಪು ಹತ್ತಿದ ಜನ ಎಲ್ಲೆಲ್ಲಿಂದಲೋ ಬಂದು ದಿಂಬು ಕೊಂಡರು, ರಜಾಯಿಗೆ ಅಳತೆ ಕೊಟ್ಟರು. ಕಾರ್ಯಕ್ರಮದ ಕೆಳಗೆ ಏನೇನೋ ಬರೆದರು. "ನಿಮ್ಮ ದನಿ ಕೇಳದೆ ನಾನು ಮಲಗುವುದೇ ಇಲ್ಲ" ಎಂದು ಒಬ್ಬಳು. "ನಿನ್ನೆಯದು ಅದ್ಭುತ, ಐದೇ ನಿಮಿಷ ಸಾಕಾಯಿತು" ಎಂದು ಇನ್ನೊಬ್ಬ. ಐದೇ ನಿಮಿಷದಲ್ಲಿ ಅವನ ಮನಸ್ಸು ತುಂಬಿ ಬಂದಿರಬೇಕೆಂದು ನಾನೂ ಕಣ್ಣೊರೆಸಿಕೊಂಡೆ.

ಕೀರ್ತಿ ತಲೆಗೇರಿದ ಮನುಷ್ಯ ಮಾಡುವುದನ್ನೇ ನಾನೂ ಮಾಡಿದೆ. ಕೇಳುಗರ ಸಮಾವೇಶ ಕರೆದೆ. ಒಂದು ಸಂಚಿಕೆಯ ನಟ್ಟನಡುವೆ, ಅಪ್ಪ ಹತ್ತಿ ಹಿಂಜುತ್ತಿದ್ದ ಬಿಲ್ಲಿನ ತಂತಿಯ ವರ್ಣನೆ ಮುಗಿದ ಕೂಡಲೇ ಪ್ರಕಟಿಸಿದೆ: "ಬರುವ ಭಾನುವಾರ ಅಂಗಡಿಗೆ ಬಂದು 'ಕೆಂಪು ದಾರ' ಎಂದು ಹೇಳಿದವರಿಗೆಲ್ಲ ಒಂದೊಂದು ದಿಂಬು ಉಚಿತ."

"ಎಷ್ಟು ದಿಂಬು ಬೇಕಾಗುತ್ತೆ?" ಎಂದಳು ಬೀಯುನ್.

"ಕೇಳುಗರೇ ಸಾವಿರಾರು ಜನ. ಅರ್ಧ ಬಂದ್ರೂ ಈ ರಸ್ತೆ ಸಾಲಲ್ಲ. ಸದ್ಯಕ್ಕೆ ಇನ್ನೂರು ಹೊಲಿಯೋಣ. ಉಳಿದವರಿಗೆ ಕೈಮುಗಿಯೋಣ."

ಆ ವಾರವಿಡೀ ಅವಳು ಬೈಯುತ್ತಾ ಹೊಲಿದಳು, ನಾನು ಬೈಸಿಕೊಳ್ಳುತ್ತಾ ಹತ್ತಿ ತುಂಬಿದೆ. ಜನ ಹಸಿದಿರುತ್ತಾರೆಂದು ಟರ್ಕಿ ಕೋಳಿ ಅನ್ನದ ಡಬ್ಬಿಗಳಿಗೆ ಹೇಳಿದೆ. ನೂಕುನುಗ್ಗಲು ನಿಭಾಯಿಸಲು ನಮ್ಮ ಬಡಾವಣೆಯ ಮುಖ್ಯಸ್ಥ ಪಾನ್ ಅವರನ್ನು ಬೇಡಿಕೊಂಡೆ. ಪಾನ್ ದೊಡ್ಡ ಮನುಷ್ಯ. ಚುನಾವಣೆ ಹತ್ತಿರವಿದ್ದುದರಿಂದ ಇನ್ನೂ ದೊಡ್ಡ ಮನುಷ್ಯ. ತೋಳಿಗೆ ಪಟ್ಟಿ ಕಟ್ಟಿ, ಕೊರಳಿಗೆ ಸೀಟಿ ಹಾಕಿಕೊಂಡು ಬೆಳಗ್ಗೆಯೇ ಬಂದು ರಸ್ತೆಯ ನಡುವೆ ನಿಂತರು.

ಹೊತ್ತು ಏರಿತು. ಯಾರೂ ಬರಲಿಲ್ಲ.

ಒಂದು ನಾಯಿ ಬಂತು. ಪಾನ್ ಸೀಟಿ ಊದಿದರು. ಅದೂ ಹೋಯಿತು.

ನಾನು ಬಾಗಿಲಿಗೂ ರಸ್ತೆಗೂ ತಿರುಗಿ ತಿರುಗಿ ಚಪ್ಪಲಿ ಸವೆಸಿದೆ. "ಬಸ್ ತಡ ಆಗಿರಬೇಕು," ಎಂದೆ. "ಎಲ್ಲಾ ಊರಿನ ಬಸ್ಸೂ?" ಎಂದಳು ಬೀಯುನ್. ಅನ್ನದ ಡಬ್ಬಿಗಳು ಆರಿದವು. ಮಧ್ಯಾಹ್ನದ ಹೊತ್ತಿಗೆ ಬ್ಯಾಂಕಿನ ಗುವೋ ಎಂಬ ಹುಡುಗಿ ಸ್ಕೂಟರ್ ನಿಲ್ಲಿಸಿ ಒಳಗೆ ಬಂದಳು. ಹಿಂದೆಯೂ ಬಂದು ರಜಾಯಿ ಕೊಂಡಿದ್ದವಳು. ನನ್ನ ಪ್ರಾಣ ಮರಳಿ ಬಂತು.

"ಹೇಳಮ್ಮಾ, ಆ ಗುಟ್ಟಿನ ಮಾತು ಹೇಳು," ಎಂದೆ.

"ಯಾವ ಗುಟ್ಟು ಯಜಮಾನ್ರೇ? ನಮ್ಮಮ್ಮನಿಗೆ ಒಂದು ದಿಂಬು ಬೇಕಿತ್ತು."

"ನೀನು ನನ್ನ ಕಾರ್ಯಕ್ರಮ ಕೇಳಲ್ವಾ?"

"ಕೇಳದೆ ಇರ್ತೀನಾ? ದಿನಾ ಕೇಳ್ತೀನಿ. ನಮ್ಮ ಬ್ಯಾಂಕಲ್ಲಿ ಎಲ್ಲರಿಗೂ ಅಭ್ಯಾಸ ಮಾಡ್ಸಿದ್ದು ನಾನೇ."

"ಮತ್ತೆ ಈ ವಾರದ್ದರಲ್ಲಿ ಹೇಳಿದ್ನಲ್ಲ, ಮಧ್ಯದಲ್ಲಿ? ಉಚಿತ ದಿಂಬು?"

ಅವಳು ನನ್ನ ಮುಖ ನೋಡಿದಳು, ಬೀಯುನ್ ಮುಖ ನೋಡಿದಳು, ದಿಂಬಿನ ಬೆಟ್ಟ ನೋಡಿದಳು. ಸುಳ್ಳು ಹೇಳಲು ಬಾರದ ಹುಡುಗಿ.

"ಮಧ್ಯದಲ್ಲಾ?" ಎಂದಳು ಮೆಲ್ಲಗೆ. "ಅಷ್ಟು ದೂರ ಯಾರು ಹೋಗ್ತಾರೆ ಯಜಮಾನ್ರೇ? ನೀವು 'ಹತ್ತಿಯಲ್ಲಿ ಎರಡು ವಿಧ' ಅಂತೀರ ನೋಡಿ, ಒಂದನೇ ವಿಧ ಅಷ್ಟೇ ನನಗೆ ಗೊತ್ತಿರೋದು. ಎರಡನೇದು ಬರೋಷ್ಟರಲ್ಲಿ ಬೆಳಗಾಗಿರುತ್ತೆ. ನಿದ್ದೆ ಮಾತ್ರೆ ಬಿಟ್ಟೇಬಿಟ್ಟೆ ಗೊತ್ತಾ? ದೇವರಂಥ ದನಿ ನಿಮ್ಮದು."

ಹತ್ತಿಯ ಮಾತಿಗೆ ನಿದ್ದೆ ಹತ್ತಿತ್ತು. ಇಡೀ ತೈವಾನಿಗೆ.

ಬೀಯುನ್ ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟಳು. ಅಳುತ್ತಿದ್ದಾಳೆಂದು ಹತ್ತಿರ ಹೋದೆ. ನಗು ತಡೆಯಲಾಗದೆ ಅವಳ ಬೆನ್ನು ಕುಲುಕುತ್ತಿತ್ತು. ಬಾಗಿಲಲ್ಲಿದ್ದ ಪಾನ್ ಕೊರಳಿನ ಸೀಟಿ ಬಿಚ್ಚುತ್ತಾ, "ಸದ್ಯ. ನನಗೊಬ್ಬನಿಗೇ ಹಾಗಾಗುತ್ತೆ ಅಂದ್ಕೊಂಡಿದ್ದೆ," ಎಂದರು.

ಮಗಳಿಗೆ ಫೋನ್ ಮಾಡಿದೆ. "ನೀನಾದ್ರೂ ಪೂರ್ತಿ ಕೇಳ್ತೀಯಾ ಪೇಯ್‌ಶಾನ್?"

"ಕೇಳೋಕೆ ಶುರು ಮಾಡ್ತೀನಪ್ಪಾ," ಎಂದಳು ಮಗಳು, ತುಂಬ ಎಚ್ಚರಿಕೆಯಿಂದ.

"ಈ ಇನ್ನೂರು ದಿಂಬು ಈಗ ಯಾರ ತಲೆಗೆ ಕಟ್ಟೋದು?" ಎಂದಳು ಬೀಯುನ್, ಕಣ್ಣೊರೆಸಿಕೊಂಡು.

ನನಗೆ ದಿಂಬಿನ ಚಿಂತೆಯಿರಲಿಲ್ಲ. ಮಾನದ ಚಿಂತೆಯಿತ್ತು. ರಾಜನ ದನಿಗೆ ಪ್ರಜೆಗಳು ಗೊರಕೆ ಹೊಡೆಯುವುದೆಂದರೇನು? ಇವರನ್ನು ಎಚ್ಚರಿಸಿಯೇ ತೀರುತ್ತೇನೆಂದು ಶಪಥ ಮಾಡಿದೆ. ಬೀಜದ ಮಾತಿಗೆ ರಜೆ ಕೊಟ್ಟೆ. ಪಕ್ಕದ ದೇವಸ್ಥಾನದ ಮೆರವಣಿಗೆ ತಂಡದಿಂದ ಜಾಗಟೆ ಬೇಡಿ ತಂದೆ. ಹೊಸ ಸಂಚಿಕೆಯನ್ನು ಎಂದಿನ ಹಾಗೆ ಮೆತ್ತಗೆ ಶುರು ಮಾಡಿ, "ಹತ್ತಿಯಲ್ಲಿ ಎರಡು ವಿಧ" ಎಂದು ಹೇಳಿ, ಹೊಂಚುಹಾಕಿ ಕಾದಿದ್ದು, ಅವರೆಲ್ಲ ತೂಕಡಿಸುವ ಹೊತ್ತಿಗೆ ಸರಿಯಾಗಿ ಜಾಗಟೆ ಬಾರಿಸಿದೆ. ಹಿಂದೆಯೇ ಪಟಾಕಿ ಸರದ ಸದ್ದು ಹಾಕಿದೆ. ಆಮೇಲೆ ಒಂದು ಹಾಡನ್ನೂ ಹಾಡಿದೆ.

ಅವರು ಎಚ್ಚರಾದರು. ಖಂಡಿತ ಎಚ್ಚರಾದರು.

ಮಾರನೆಯ ದಿನ ಬಾಗಿಲು ತೆಗೆಯುವ ಮೊದಲೇ ಹೊರಗೆ ಜನ ನಿಂತಿದ್ದರು. ಭಾನುವಾರ ನಾನು ಕಾದಿದ್ದ ಜನಸಾಗರ ಕೆಂಪು ಕಣ್ಣು ಬಿಟ್ಟುಕೊಂಡು ತಡವಾಗಿ ಬಂದಿತ್ತು. ಒಬ್ಬಳ ಮಗು ಬೆಳಗಿನವರೆಗೆ ಅತ್ತಿತಂತೆ. ಒಬ್ಬನ ಹೆಂಡತಿ ಮಂಚದಿಂದ ಬಿದ್ದಳಂತೆ. "ನಮ್ಮಮ್ಮ ಮಿಲಿಟರಿ ಬಂತು ಅಂತ ಮಂಚದ ಕೆಳಗೆ ಸೇರ್ಕೊಂಡಿದಾರೆ," ಎಂದಳು ಗುವೋ. ಮುಂಗಡ ಕೊಟ್ಟವರು ರಜಾಯಿ ಬೇಡವೆಂದರು. ಪಾನ್ ಮತ್ತೆ ಸೀಟಿ ತಂದರು, ಈ ಸಲ ನನ್ನನ್ನು ಕಾಪಾಡಲು. ಕ್ಷಮೆ ಕೇಳುತ್ತಾ ಬಗ್ಗಿಸಿದ ನನ್ನ ಸೊಂಟ ನಡುಮಧ್ಯಾಹ್ನದವರೆಗೆ ನೆಟ್ಟಗಾಗಲಿಲ್ಲ. ಬೀಯುನ್ ಒಬ್ಬೊಬ್ಬರ ಕೈಗೂ ಆ ಉಚಿತ ದಿಂಬು ಒಂದೊಂದನ್ನು ಕೊಟ್ಟು, "ಅವರಿಗೆ ಬುದ್ಧಿ ಹೇಳ್ತೀನಿ, ಹೋಗ್ಬನ್ನಿ," ಎಂದು ಸಮಾಧಾನಿಸಿ ಕಳಿಸಿದಳು. ದಿಂಬಿಗೂ ಒಂದು ಗತಿಯಾಯಿತು.

ಎಲ್ಲರೂ ಹೋದ ಮೇಲೆ ಒಬ್ಬ ಮುದುಕರು ಉಳಿದರು. ಹೆಸರು ಜುವಾಂಗ್. ಸಕ್ಕರೆ ಕಾರ್ಖಾನೆಯ ರೈಲು ಓಡಿಸಿ ನಿವೃತ್ತರಾದವರು. ಟೋಪಿಯನ್ನು ಕೈಯಲ್ಲಿ ತಿರುವುತ್ತಾ ನಿಂತಿದ್ದರು.

"ನಾನು ಜಗಳಕ್ಕೆ ಬಂದಿಲ್ಲ ತಮ್ಮಾ," ಎಂದರು. "ನಮ್ಮಾಕೆ ಹೋದ ಮೇಲೆ ಮನೆ ತುಂಬಾ ಸುಮ್ಮನಾಗ್ಬಿಟ್ಟಿತ್ತು. ಟಿವಿ ಹಾಕಿದ್ರೆ ಅದು ಕೂಗಾಡುತ್ತೆ. ನೀವು ಮಾತಾಡ್ತಿದ್ರೆ ಪಕ್ಕದ ಕೋಣೇಲಿ ಯಾರೋ ಇದಾರೆ, ಅವರ ಪಾಡಿಗೆ ಏನೋ ಹೇಳ್ಕೋತಾ ಇದಾರೆ ಅನ್ಸುತ್ತೆ. ಏನು ಹೇಳ್ತೀರೋ ಗೊತ್ತಿಲ್ಲ. ಆದ್ರೆ ನಿಲ್ಲಿಸಬೇಡಿ."

ನನ್ನ ಮಾತಿನ ಸಮುದ್ರ ಬತ್ತಿಹೋಗಿತ್ತು. ಬೀಯುನ್ ಅವರನ್ನು ಕೂರಿಸಿ, ಬಿಸಿ ಚಹಾ ಕೊಟ್ಟು, ಅವರ ಹಳೆಯ ರಜಾಯಿ ತಂದುಕೊಟ್ಟರೆ ಬಿಚ್ಚಿ ಹಿಂಜಿ ಹೊಸದು ಮಾಡಿಕೊಡುತ್ತೇನೆ ಎಂದಳು. ಅವರು ಹೊರಟ ಮೇಲೆ ಅವಳು ಚಹಾ ಕಂಪನಿಗೆ ಫೋನ್ ಮಾಡಿ, ಮುಂಭಾಗ ಕೊಡುವುದಿಲ್ಲವೆಂದು ತಿಳಿಸಿದಳು. ಯಾಕೆಂದು ಅವರು ಕೇಳಿದರೆಂದು ತೋರುತ್ತದೆ. "ನಮ್ಮವರ ಮಾತಿಗೆ ಗಿರಾಕಿ ಇದಾರೆ," ಎಂದಳು. ಮದುವೆಯಾದಾಗಿನಿಂದ ಅವಳು ನನ್ನನ್ನು ಹೊಗಳಿದ್ದು ಅದೊಂದೇ ಸಲ, ಅದೂ ಬೇರೆಯವರ ಹತ್ತಿರ.

ನಾನು ಭಾರಿ ಜವಾಬ್ದಾರಿ ಹೊತ್ತು ಉಗ್ರಾಣಕ್ಕೆ ಹೋದೆ. ಮೈಕಿನ ಮುಂದೆ ಕೂತೆ. ಈಗ ಜನರನ್ನು ಮಲಗಿಸಬೇಕು. ಮೊದಲು ಅದು ತಾನಾಗಿ ಆಗುತ್ತಿತ್ತು. ಈಗ ಆಗಲೊಲ್ಲದು. ದನಿ ಇಳಿಸಿದರೆ ದೆವ್ವದ ಕತೆಯ ಹಾಗೆ ಕೇಳಿಸಿತು. ನಿಧಾನ ಮಾಡಿದರೆ ಮುಂದೇನೋ ಆಗಲಿದೆ ಎನ್ನಿಸಿತು. ದಾರದ ದಪ್ಪ ಹೇಳಹೊರಟರೆ ಅದರಲ್ಲೂ ಹಾಳಾದ್ದೊಂದು ಸ್ವಾರಸ್ಯ ನುಸುಳಿತು. ಅಳಿಸಿದೆ, ಮಾತಾಡಿದೆ, ಅಳಿಸಿದೆ. ಎದ್ದೆ, ಕೂತೆ, ಮತ್ತೆ ಎದ್ದೆ. ರಜಾಯಿ ರಾಶಿ ಕುಸಿದು ಮೈಮೇಲೆ ಬಿತ್ತು.

ಬಾಗಿಲ ಹೊರಗೆ ಬಟಾಣಿ ಸುಲಿಯುತ್ತಾ ಕೇಳಿಸಿಕೊಳ್ಳುತ್ತಿದ್ದ ಬೀಯುನ್ ಒಳಗೆ ಬಂದಳು. "ಏನ್ರೀ ಇದು? ಎಲ್ಲಾ ಅರ್ಥ ಆಗ್ತಿದೆ. ನನಗೆ ಒಂದು ಆಕಳಿಕೇನೂ ಬರ್ಲಿಲ್ಲ."

"ಬೇಸರ ಹುಟ್ಟಿಸೋದು ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ ಕಣೇ," ಎಂದೆ, ರಜಾಯಿಯ ಅಡಿಯಿಂದ. "ಎಷ್ಟು ಪ್ರಯತ್ನಪಟ್ರೂ ಬರ್ತಿಲ್ಲ."

ಅವಳು ನನ್ನ ತಲೆಯ ಮೇಲಿನ ರಜಾಯಿ ಸರಿಸಿದಳು. ಕೂದಲಿಗೆ ಅಂಟಿದ್ದ ಹತ್ತಿಯನ್ನು ಬಿಡಿಸಿದಳು. ಮೈಕನ್ನು ನನ್ನ ಕಡೆಗೆ ತಿರುಗಿಸಿ, ತಾನೊಂದು ದಿಂಬು ತೆಗೆದುಕೊಂಡು ಗೋಡೆಗೆ ಒರಗಿ ಕೂತಳು.

"ಪ್ರಯತ್ನ ಯಾಕೆ ಪಡ್ತೀರ? ತುಂಬಾ ಚೆನ್ನಾಗಿ ಮಾತಾಡ್ತಿದೀನಿ ಅಂದ್ಕೊಂಡು ಶುರು ಮಾಡಿ," ಎಂದು ಕಣ್ಣು ಮುಚ್ಚಿದಳು. "ಮೂವತ್ತು ವರ್ಷದಿಂದ ನಾನು ಹಾಗೇ ತಾನೆ ಮಲಗ್ತಿರೋದು."