ಒಂದು ಹನಿಯೂ ಬೀಳದ ಜೀಪು

ಬಾಯಿ ತೆರೆದುಕೊಂಡು ಕೂತವರು ಎದುರು ಮಾತಾಡುವುದಿಲ್ಲ. ಹಲ್ಲಿನ ವೈದ್ಯರಿಗೆ ತಾವು ಹೇಳಿದ್ದೆಲ್ಲ ಸರಿ ಎಂಬ ನಂಬಿಕೆ ಬೇಗ ಬೇರೂರುವುದು ಇದೇ ಕಾರಣಕ್ಕೆ ಇರಬೇಕು. ಹೊನ್ನಾವರದ ನನ್ನ ಕ್ಲಿನಿಕ್ಕಿನಲ್ಲಿ ಕುರ್ಚಿ ಹಿಂದಕ್ಕೆ ಬಾಗಿಸಿ, ಬಾಯಿಗೆ ಹತ್ತಿ ತುರುಕಿ, ಆಮೇಲೆ ನಾನು ಉಪದೇಶ ಶುರು ಮಾಡುತ್ತೇನೆ. ಕೇಳುವವರು "ಆಂ, ಊಂ" ಎನ್ನುತ್ತಾರೆ. ಅದನ್ನು ನಾನು ಮೆಚ್ಚುಗೆ ಎಂದೇ ತಿಳಿದಿದ್ದೇನೆ. ಇದೇ ಧೈರ್ಯದಲ್ಲಿ ಒಂದು ದಿನ ಜೀಪಿನ ಕೆಳಗೂ ಮಲಗಿಬಿಟ್ಟೆ. ಕುರ್ಚಿಯಲ್ಲಿ ರೋಗಿ ಕೆಳಗೆ, ನಾನು ಮೇಲೆ. ಇಲ್ಲಿ ರೋಗಿ ಮೇಲೆ, ನಾನು ಕೆಳಗೆ. ಅಷ್ಟೇ ವ್ಯತ್ಯಾಸ ಎಂದುಕೊಂಡಿದ್ದೆ.

ಜೀಪು ಹಳೆಯದು, ನಾಲ್ಕೂ ಚಕ್ರಕ್ಕೆ ಎಳೆತ ಇರುವಂಥದು. ಗೇರುಸೊಪ್ಪದ ಆಚೆಯ ಶಾಲೆಗಳಿಗೆ ಹಲ್ಲಿನ ತಪಾಸಣೆಗೆ ಹೋಗಬೇಕು, ಅಲ್ಲಿ ಬೇರೆ ಗಾಡಿ ಹತ್ತುವುದಿಲ್ಲ ಎಂದು ಹೇಳಿ ಕೊಂಡದ್ದು. ನಿಜ ಹೇಳಬೇಕೆಂದರೆ ಆ ದಾರಿಗೆ ಬಸ್ಸೇ ಹೋಗುತ್ತದೆ. ನನಗೆ ಜೀಪು ಬೇಕಿತ್ತು, ಕೊಂಡೆ. ಎತ್ತರದ ಸೀಟಿನಲ್ಲಿ ಕೂತು ಗೇರ್ ಹಾಕಿದರೆ ಎರಡೂ ದವಡೆಯ ರೋಗಗಳು ಮರೆತುಹೋಗುತ್ತವೆ. ಅದನ್ನು ಮಾರುವ ಮಾತು ಬಂದರೆ ನಾನು ಎದ್ದು ಹೋಗಿ ಜೀಪು ಒರೆಸತೊಡಗುತ್ತೇನೆ.

ಆ ಮಾತು ಬಂದದ್ದು ನಮ್ಮ ಮನೆಯ ಒಡತಿ ಶಾಂತಕ್ಕನಿಂದ. ಅವರು ಮೇಲಿನ ಮಹಡಿಯಲ್ಲಿರುತ್ತಾರೆ, ನಾವು ಬಾಡಿಗೆಗೆ ಕೆಳಗೆ. ಮನೆಯಲ್ಲಿ ಕೊಂಕಣಿ, ನಮ್ಮೊಡನೆ ಕನ್ನಡ, ಸಿಟ್ಟು ಬಂದರೆ ಎರಡೂ. ಅಂಗಳಕ್ಕೆ ಆಗಷ್ಟೇ ಹಾಲುಬಣ್ಣದ ಟೈಲ್ಸ್ ಹಾಕಿಸಿದ್ದರು. ಮಾರನೇ ಬೆಳಿಗ್ಗೆ ಅದರ ನಡುವೆ ಕಪ್ಪು ಎಣ್ಣೆಯ ಒಂದು ಬೊಟ್ಟು. ಅದರ ಮಾರನೇ ದಿನ ಬೊಟ್ಟು ತಟ್ಟೆಯಷ್ಟಾಗಿತ್ತು.

"ಡಾಕ್ಟ್ರಮ್ಮ, ಇದೆಂತ ಅವಸ್ಥೆ? ಇನ್ನೊಂದು ಹನಿ ಬಿದ್ರೆ ಗಾಡಿ ಗೇಟಿನ ಹೊರಗೆ, ನೋಡಿ."

ನಮ್ಮ ಓಣಿ ಎಷ್ಟು ಕಿರಿದೆಂದರೆ ಮೀನಿನ ಟೆಂಪೋ ಬಂದರೆ ನಾಯಿಗಳು ಗೋಡೆ ಹತ್ತುತ್ತವೆ. ಗೇಟಿನ ಹೊರಗೆ ಎಂದರೆ ಮಾರು ಎಂದೇ ಅರ್ಥ. ನನ್ನ ಗಂಡ ಶ್ರೀಪಾದ ಕುಮಟಾದ ಕಾಲೇಜಿನಲ್ಲಿ ಕನ್ನಡದ ಮೇಷ್ಟ್ರು. ಅವನು ಪೇಪರಿನಿಂದ ತಲೆ ಎತ್ತದೆ, "ಮಾರಿದ್ರೆ ಒಂದು ಕಾಟ ಹೋಗ್ತು" ಎಂದ. ನಾನು ಆಗಲೇ ಹಳೆಯ ಚಾಪೆ ಹುಡುಕುತ್ತಿದ್ದೆ.

ಎಣ್ಣೆ ಸೋರಿಕೆಗೂ ಹಲ್ಲುನೋವಿಗೂ ಒಂದೇ ಗುಣ. ಕಾಣುವ ಜಾಗ ಒಂದು, ಮೂಲ ಇನ್ನೊಂದು. ಮೇಲಿನ ದವಡೆ ಕೆಟ್ಟಿರುತ್ತದೆ, ಜನ ಕೆಳಗಿನ ದವಡೆ ಒತ್ತಿಕೊಂಡು ಬರುತ್ತಾರೆ. ಎಣ್ಣೆಯೂ ಎಲ್ಲೋ ಹುಟ್ಟಿ ಎಲ್ಲೋ ತೊಟ್ಟಿಕ್ಕುತ್ತದೆ. ಮೊದಲು ಬೆರಳಿಗೆ ಹಚ್ಚಿ ಮೂಸಿದೆ. ಕೊಳೆತ ಮೊಟ್ಟೆಯ ವಾಸನೆ, ಅಂದರೆ ಬ್ರೇಕಿನದಲ್ಲ, ಎಂಜಿನ್ನಿನದಲ್ಲ, ಹಿಂದಿನ ಆಕ್ಸಲ್ಲಿನ ಗೇರ್ ಎಣ್ಣೆ. ಎರಡೂ ಚಕ್ರಗಳನ್ನು ಜೋಡಿಸುವ ದಪ್ಪ ಕಬ್ಬಿಣದ ಕೊಳವೆ ಅದು, ನಡುವೆ ಗುಡಾಣದಂಥ ಉಬ್ಬು, ಅದರೊಳಗೆ ಗೇರುಗಳು ಎಣ್ಣೆಯಲ್ಲಿ ಮುಳುಗಿ ತಿರುಗುತ್ತವೆ. ಇಡೀ ಆಕ್ಸಲ್ಲನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಶ್ರೀಪಾದನ ಮುಖದ ಪೌಡರ್ ಡಬ್ಬಿ ತಂದು ಧಾರಾಳವಾಗಿ ಉದುರಿಸಿದೆ. ಬಸ್‌ಸ್ಟ್ಯಾಂಡಿನ ತನಕ ಒಂದು ಸುತ್ತು ಹೊಡೆದು ಬಂದು ಮತ್ತೆ ಮಲಗಿ ನೋಡಿದರೆ, ಬಿಳಿಯ ಮೇಲೆ ಒಂದೇ ಒಂದು ಒದ್ದೆ ಗೆರೆ. ಎಂಜಿನ್ನಿನಿಂದ ಬರುವ ತಿರುಗುಕೋಲು ಉಬ್ಬಿನೊಳಗೆ ಹೊಗುವ ಬಾಯಿಯಲ್ಲಿ ರಬ್ಬರಿನ ಸೀಲ್ ಸೋತಿತ್ತು. ನನ್ನ ಸಂತೋಷಕ್ಕೆ ಪಾರವಿಲ್ಲ. ಶ್ರೀಪಾದ ಮಾತ್ರ ಖಾಲಿ ಡಬ್ಬಿ ಅಲ್ಲಾಡಿಸುತ್ತ ನಿಂತಿದ್ದ.

ಸೀಲ್ ಬದಲಿಸಿದರೆ ಮುಗಿಯಿತು ಎನ್ನುವವರು ಕಚ್ಚಾ ವೈದ್ಯರು. ಸೀಲ್ ಯಾಕೆ ಸೋತಿತು? ಆಕ್ಸಲ್ಲಿನ ನೆತ್ತಿಯ ಮೇಲೆ ಉಸಿರಾಡುವ ಒಂದು ಸಣ್ಣ ಮೂಗು ಇರುತ್ತದೆ. ಬಿಸಿಯಾಗಿ ಹಿಗ್ಗಿದ ಗಾಳಿ ಅಲ್ಲಿಂದ ಹೊರಹೋಗಬೇಕು. ಆ ಮೂಗು ಕಟ್ಟಿದರೆ ಒತ್ತಡ ಹೆಚ್ಚಿ ಎಣ್ಣೆ ಸೀಲನ್ನೇ ದೂಡಿಕೊಂಡು ಬರುತ್ತದೆ. ಹಿಂದಿನ ಭಾನುವಾರ ಅಘನಾಶಿನಿ ಹೊಳೆಯಲ್ಲಿ ಬಳಚು ಚಿಪ್ಪು ಹೆಕ್ಕುವವರನ್ನು ನೋಡುವ ನೆಪದಲ್ಲಿ ಜೀಪನ್ನು ಅಳಿವೆಯ ಕೆಸರಿಗೆ ಇಳಿಸಿದ್ದೆ. ಆ ಕೆಸರೇ ಮೂಗಿನೊಳಗೆ ಒಣಗಿ ಕೂತಿತ್ತು. ಹಲ್ಲಿನ ಬೇರುನಾಳ ಶುದ್ಧ ಮಾಡುವ ನನ್ನ ಸಣ್ಣ ಅರದಿಂದ ಅದನ್ನು ತಿರುವಿ ತೆಗೆದಾಗ ಪುಸ್ಸೆಂದು ಗಾಳಿ ಬಿಟ್ಟಿತು. ಯಾವ ರೋಗಿಯೂ ನನಗೆ ಅಷ್ಟು ಸ್ಪಷ್ಟವಾಗಿ ಕೃತಜ್ಞತೆ ಹೇಳಿಲ್ಲ.

ಸೀಲ್ ತರಲು ಭಟ್ಕಳಕ್ಕೆ ಹೋದೆ. ಬಿಡಿಭಾಗದ ಅಂಗಡಿಯವರು ನನ್ನ ಹಳೆಯ ರೋಗಿ. "ಡಾಕ್ಟರ್ ಸಾಹಿಬಾ, ಈ ಸೀಲ್ ಯಾರ ಬಾಯಿಗೆ?" ಎಂದು ನಕ್ಕರು. ನಾನೂ ಗತ್ತಿನಿಂದ ನಕ್ಕು, ಒಂದರ ಜೊತೆಗೆ ಇನ್ನೊಂದನ್ನೂ ತೆಗೆದುಕೊಂಡು ಬಂದೆ.

ಭಾನುವಾರ ಬೆಳಿಗ್ಗೆ ಶಸ್ತ್ರಚಿಕಿತ್ಸೆ. ಒಳಗಿನ ಹಳೆಯ ಎಣ್ಣೆ ಹೊಳೆನೀರು ಸೇರಿ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿತ್ತು. ಅದನ್ನೆಲ್ಲ ಬಸಿದು, ಹಳೆ ಸೀಲ್ ಕಿತ್ತು, ಹೊಸದನ್ನು ಮರದ ತುಂಡಿಟ್ಟು ಸಮನಾಗಿ ಬಡಿದು ಕೂರಿಸಿ, ನಟ್ಟನ್ನು ಮೊದಲೇ ಹಾಕಿಕೊಂಡ ಗುರುತಿಗೆ ಸರಿಯಾಗಿ ಬಿಗಿದೆ. ಇನ್ನು ಉಳಿದದ್ದು ಪಕ್ಕದಲ್ಲಿಟ್ಟಿದ್ದ ಡಬ್ಬದಿಂದ ಹೊಸ ಎಣ್ಣೆ ತುಂಬುವುದು. ಅಷ್ಟರಲ್ಲಿ ಕ್ಲಿನಿಕ್ಕಿನಿಂದ ಫೋನ್, ಯಾರದೋ ಹಲ್ಲು ಮುರಿದಿದೆಯಂತೆ. ಕೈ ತೊಳೆಯುತ್ತ ಶ್ರೀಪಾದನಿಗೆ ಕೂಗಿದೆ: "ಎಣ್ಣೆ ಒಂದು ನೋಡ್ಕ್ಯ!"

"ಆತು" ಎಂದ.

ಸಂಜೆ ಬಂದು ನೋಡಿದರೆ ಎಣ್ಣೆಯ ಡಬ್ಬ ಅಂಗಳದಲ್ಲಿರಲಿಲ್ಲ. ಅಂಗಳ ಗುಡಿಸಿ ಲಕಲಕ ಅನ್ನುತ್ತಿತ್ತು. ಪರವಾಗಿಲ್ಲ ಮೇಷ್ಟ್ರು ಎಂದುಕೊಂಡೆ.

ಮರುದಿನ ಟೈಲ್ಸಿನ ಮೇಲೆ ಒಂದು ಹನಿ ಇಲ್ಲ. ಅದರ ಮರುದಿನವೂ ಇಲ್ಲ. ನಾನು ರೋಗಿಗಳಿಗೆ ಹಲ್ಲು ಬಿಟ್ಟು ಆಕ್ಸಲ್ಲಿನ ವಿಷಯವೇ ಹೇಳತೊಡಗಿದೆ. ಹತ್ತಿ ತುರುಕಿಕೊಂಡವರು "ಆಂ, ಊಂ" ಎಂದರು. ಶಾಂತಕ್ಕ ಪ್ರತಿ ಬೆಳಿಗ್ಗೆ ಸೆರಗು ಸಿಕ್ಕಿಸಿಕೊಂಡು ಬಗ್ಗಿ ನೋಡಿ, ಕೊನೆಗೆ ಸೋತು, "ನೀವು ಹುಷಾರಿದ್ರಿ ಬಿಡಿ. ಸಂಕಷ್ಟಿಗೆ ಇಡಗುಂಜಿ ಗಣಪತಿಗೆ ಇದರಲ್ಲೇ ಹೋಗ್ವಾ" ಎಂದರು. ಜೀಪು ಉಳಿಯಿತು. ಆ ದಿನ ನಾನು ಅದರ ಬಾನೆಟ್ಟನ್ನು ತಟ್ಟಿ ಮಾತಾಡಿಸಿದ್ದನ್ನು ಶ್ರೀಪಾದ ನೋಡಿದ್ದಾನೆ. ಇರಲಿ.

ಸಂಕಷ್ಟಿಯ ದಿನ ಮುಂದೆ ನಾನು, ಪಕ್ಕದಲ್ಲಿ ಶ್ರೀಪಾದ, ಹಿಂದೆ ಹೂವು ಕಾಯಿಯ ಬುಟ್ಟಿಯೊಡನೆ ಶಾಂತಕ್ಕ. ಶರಾವತಿಯ ಸೇತುವೆ ದಾಟುವಾಗ ಹಿಂದಿನಿಂದ ಒಂದು ಸಣ್ಣ "ಊಂಯ್" ಶುರುವಾಯಿತು.

"ಎಂತ ಅದು ಸೌಂಡು?" ಶಾಂತಕ್ಕ ಕೇಳಿದರು.

"ದಪ್ಪ ಟಯರು ಶಾಂತಕ್ಕ, ಹಾಗೇ ಹಾಡುತ್ತವೆ" ಎಂದೆ, ಕ್ಲಿನಿಕ್ಕಿನ ದನಿಯಲ್ಲಿ.

ಇಡಗುಂಜಿಯ ತಿರುವು ಬರುವಷ್ಟರಲ್ಲಿ ಹಾಡು ಹೋಗಿ ಗೋಳಾಯಿತು, ಜೊತೆಗೆ ಸುಟ್ಟ ವಾಸನೆ. ಗಾಡಿ ಬದಿಗೆ ಹಾಕಿ ಇಳಿದೆ. ಆಕ್ಸಲ್ಲಿನ ಉಬ್ಬಿಗೆ ನೀರು ಚಿಮುಕಿಸಿದರೆ ದೋಸೆಕಾವಲಿಯ ಹಾಗೆ ಚುಯ್ಯೆಂದಿತು. ಹೆದರಿದೆ. ತಣಿಯುವ ತನಕ ಕಾದು, ಎಣ್ಣೆ ತುಂಬುವ ಬಿರಡೆ ಬಿಚ್ಚಿ ಕಿರುಬೆರಳು ಹಾಕಿದೆ. ಬೆರಳು ಒಣಗಿದ್ದು ಒಣಗಿದ ಹಾಗೇ ಹೊರಗೆ ಬಂತು.

"ಎಣ್ಣೆ ಹಾಕಿದ್ದೆ ಅಂದ್ಯಲ್ಲ!"

"ಹಾಕಿದ್ದೆ ಹೇಳಿ ಎಲ್ಲಿ ಹೇಳಿದ್ದೆ?" ಶ್ರೀಪಾದನಿಗೆ ನಿಜವಾಗಿಯೂ ಆಶ್ಚರ್ಯ. "ಆತು ಹೇಳಿದ್ದೆ. ನೋಡ್ಕತ್ತೆ ಹೇಳಿ ಅರ್ಥ. ಅಂಗಳದಲ್ಲಿ ಚೆಲ್ಲಿ ಹೋದ್ರೆ ಕಷ್ಟ ಹೇಳಿ ಜೋಪಾನ ಮಾಡಿ ತೆಗೆದಿಟ್ಟಿದ್ದೆ."

ದಾರಿಯ ಬದಿಯಲ್ಲಿ ನಿಂತು ಅವನು ವ್ಯಾಕರಣ ಬೇರೆ ಹೇಳಿದ. ಆತು ಎಂಬುದರ ರೂಪ ಭೂತಕಾಲ, ಅರ್ಥ ಹಲವೊಮ್ಮೆ ಭವಿಷ್ಯತ್ಕಾಲ, ನಮ್ಮ ಕಡೆಯ ಮಾತಿನ ಸೊಗಸೇ ಅದಂತೆ. ನಾನೂ ಇದೇ ಕಡೆಯವಳು, ಆ ಮಾತನ್ನು ಹುಟ್ಟಿದಾಗಿನಿಂದ ಆಡುತ್ತಿರುವವಳು. ಸೊಗಸು ಆಕ್ಸಲ್ಲಿಗೆ ತಾಗಿದ್ದು ಇದೇ ಮೊದಲು.

"ತೆಗೆದಿಟ್ಟಿದ್ದು ಎಲ್ಲಿ?" ಎಂದು ಕೂಗಿದೆ.

ಜೀಪಿನ ಹಿಂದಿನ ಸೀಟಿನಿಂದ ಶಾಂತಕ್ಕ ಕಾಲು ಎತ್ತಿದರು. "ಇದಾ? ಸೇತುವೆ ಆಚೆಯಿಂದ ನಾ ಇದರ ಮೇಲೇ ಕಾಲು ಇಟ್ಕಂಡು ಕೂತಿದ್ದೆ. ಭಾಳ ಆರಾಮಿತ್ತು."

ಕೆಳಗೆ ಆಕ್ಸಲ್ಲು ಬಾಯಾರಿ ಸಾಯುತ್ತಿತ್ತು. ಅದರ ಎಣ್ಣೆ ಒಂದು ಮೊಳ ಮೇಲೆ ಕೂತು ಇಡಗುಂಜಿ ಯಾತ್ರೆಗೆ ಹೊರಟಿತ್ತು. ಬುಟ್ಟಿಯಲ್ಲಿದ್ದ ಬಾಳೆಲೆಯನ್ನು ಆಲಿಕೆಯ ಹಾಗೆ ಸುತ್ತಿ, ಶ್ರೀಪಾದ ಹಿಡಿದುಕೊಂಡು, ನಾನು ಅಂಗಾತ ಮಲಗಿ, ಅರ್ಧ ಆಕ್ಸಲ್ಲಿಗೆ ಅರ್ಧ ನನ್ನ ಹೊಸ ಸೀರೆಗೆ ಎಣ್ಣೆ ತುಂಬಿದೆವು. ಶಾಂತಕ್ಕ ಬಾಗಿಲಿಗೆ ಆತುಕೊಂಡು ನಿಂತು ಎಲ್ಲವನ್ನೂ ನೋಡಿದರು. ಕಳೆದ ವರ್ಷ ಅವರ ದವಡೆ ಹಲ್ಲಿನ ನೋವು ತಾನಾಗಿ ನಿಂತು, "ಇನ್ನೆಂತಕ್ಕೆ ಔಷಧ?" ಎಂದಾಗ ನಾನು ಕುರ್ಚಿ ಬಾಗಿಸಿ ಉದ್ದ ಉಪದೇಶ ಕೊಟ್ಟಿದ್ದೆ. ಅವರು ಒಂದಕ್ಷರ ಮರೆತಿರಲಿಲ್ಲ.

"ನೋವು ನಿಂತ್ರೆ ಹಲ್ಲು ಸರಿ ಆತು ಅಂತಲ್ಲ ಶಾಂತಕ್ಕ, ಒಳಗೆ ನರ ಸತ್ತಿರಬಹುದು ಅಂತ ನೀವೇ ಹೇಳಿದ್ರಲ್ರಾ ಡಾಕ್ಟ್ರಮ್ಮ?"

ನನ್ನ ಬಾಯಲ್ಲಿ ಹತ್ತಿ ಇರಲಿಲ್ಲ. ಆದರೂ "ಊಂ" ಎಂದೆ.

ಗಣಪತಿ ದೊಡ್ಡವನು, ಗೇರು ಉಳಿದವು. ಒಂದು ವೇಗಕ್ಕೆ ಬಂದಾಗ ಈಗಲೂ ಸಣ್ಣದಾಗಿ ಹಾಡುತ್ತವೆ, ಅಷ್ಟೇ. ಹೊಸ ಸೀಲಿನ ಅಂಚು ಮಾತ್ರ ಆ ಬಿಸಿಗೆ ಕರಕಲಾಗಿ, ರಾತ್ರಿಗೆ ಒಂದು ಹನಿ ಬಿಡುತ್ತದೆ. ಕ್ಲಿನಿಕ್ಕಿನ ಸ್ಟೀಲ್ ಟ್ರೇ ತಂದು ಕೆಳಗಿಟ್ಟಿದ್ದೇನೆ. ವಿಚಿತ್ರವೆಂದರೆ ಶಾಂತಕ್ಕನಿಗೆ ಈಗ ಆ ಹನಿ ಬೇಕು. ಬೆಳಿಗ್ಗೆ ತುಳಸಿಗೆ ನೀರು ಹಾಕಿ ನೇರ ಬಂದು ಬಗ್ಗಿ ನೋಡುತ್ತಾರೆ, "ಬಿದ್ದಿದೆ ಡಾಕ್ಟ್ರಮ್ಮ, ಒಳಗೆ ಎಣ್ಣೆ ಇದೆ!" ಎಂದು ಕೂಗಿ ಹೇಳುತ್ತಾರೆ. ಆ ಕೂಗು ಕೇಳಿದ ಮೇಲೆಯೇ ನನಗೆ ಚಹಾ ರುಚಿಸುತ್ತದೆ.

ಆದರೂ ಟೈಲ್ಸ್ ಅವರದಲ್ಲವೇ. "ಮಳೆಗಾಲದ ಒಳಗೆ ಆ ಸೀಲ್ ಒಂದು ಬೇರೆ ಹಾಕ್ತ್ರಾ?" ಎಂದು ಕೇಳಿದ್ದರು. ಭಟ್ಕಳದಿಂದ ತಂದ ಎರಡನೆಯ ಸೀಲ್ ಕ್ಲಿನಿಕ್ಕಿನ ಡ್ರಾಯರಿನಲ್ಲಿ, ಯಾರೂ ಬಂದು ಒಯ್ಯದ ಹಲ್ಲಿನ ಸೆಟ್ಟಿನ ಪಕ್ಕದಲ್ಲಿ ಇನ್ನೂ ಇದೆ. ಮಳೆಗಾಲ ಮುಗಿಯುತ್ತ ಬಂತು. ಶಾಂತಕ್ಕ ಕೇಳಿದಾಗ ನಾನು ಉತ್ತರ ಕೊಡದೆ ಇರಲಿಲ್ಲ.

"ಆತು" ಎಂದಿದ್ದೆ.