ಎತ್ತಲು ನಾವಿದ್ದೇವೆ

ಉದ್ದ ಬರೆಯುವುದು ನನಗೆ ಚೆನ್ನಾಗಿ ಬರುತ್ತದೆ. ಈ ವಿಷಯದಲ್ಲಿ ಯಾರಿಗೂ ಅನುಮಾನ ಬೇಡ. ಆಳಂದದ ಕಾಲೇಜಿನಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿದವನು ನಾನು. ಒಂದು ವಾಕ್ಯದಲ್ಲಿ ಮುಗಿಯುವ ಮಾತನ್ನು ಒಂದು ಗಂಟೆ ಎಳೆಯದಿದ್ದರೆ ಪಾಠದ ಅವಧಿ ತುಂಬುವುದಾದರೂ ಹೇಗೆ? ಊರಿನಲ್ಲಿ ಯಾರೇ ನಿವೃತ್ತರಾದರೂ ಬಿನ್ನವತ್ತಳೆ ಬರೆಸಲು ನನ್ನ ಮನೆಗೇ ಬರುತ್ತಿದ್ದರು. ಒಮ್ಮೆ ನಮ್ಮ ಪ್ರಾಚಾರ್ಯರ ಬೀಳ್ಕೊಡುಗೆಯಲ್ಲಿ ನನ್ನ ಬಿನ್ನವತ್ತಳೆ ಓದಿ ಮುಗಿಸುವಷ್ಟರಲ್ಲಿ ಮುಂದಿನ ಸಾಲಿನ ಹೆಣ್ಣುಮಕ್ಕಳು ಕಣ್ಣೊರೆಸಿಕೊಂಡರು. ಪ್ರಾಚಾರ್ಯರು ಮಾತ್ರ ಕೊರಳಿನ ಹಾರ ತೆಗೆದಿಟ್ಟು, ನನ್ನ ಕಿವಿಯ ಹತ್ತಿರ ಬಾಗಿ, 'ಸರ, ನಾ ಇನ್ನಾ ಜೀವಂತ ಅದೀನ್ರಿ' ಎಂದರು. ನನ್ನ ಲೇಖನಿಗೆ ಸಾವಿನ ಮನೆಯ ಕಡೆಗೆ ಒಂದು ಎಳೆತವಿದೆ ಎಂದು ಅವತ್ತೇ ತಿಳಿದುಕೊಳ್ಳಬೇಕಿತ್ತು. ಮೆಚ್ಚುಗೆ ಎಂದುಕೊಂಡು ಸುಮ್ಮನಾದೆ.

ಇಂಥ ನನ್ನ ಹತ್ತಿರ ಶಾಂತಕ್ಕ ಬಂದು ಒಂದೇ ಒಂದು ಸಾಲು ಕೇಳಿದರು. ಶಾಂತಕ್ಕ ಸರಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿದು ನಿವೃತ್ತರಾದವರು. ಸೊಂಟ ಮುರಿದುಕೊಂಡವರು, ಲಕ್ವಾ ಹೊಡೆದವರು ಆಸ್ಪತ್ರೆಯಿಂದ ಮನೆಗೆ ಹೋಗಿ ನೆಲಕ್ಕೆ ಬಿದ್ದುಕೊಂಡಿರುವುದನ್ನು ನೋಡಿ ನೋಡಿ ಅವರಿಗೆ ಸಾಕಾಗಿತ್ತು. ಬಲ್ಲವರ ಮನೆಗಳಲ್ಲಿ ಅಟ್ಟ ಸೇರಿದ್ದ ಗಾಲಿ ಕುರ್ಚಿ, ವಾಕರ್, ಕಬ್ಬಿಣದ ಮಂಚ, ಗಾಳಿ ಹಾಸಿಗೆ ಎಲ್ಲವನ್ನೂ ಬೇಡಿ ತಂದರು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಕಡೆ ಬೇಕಾದವರಿಗೆ ಕೊಡುವುದು, ಅವರಿಗೆ ಆರಾಮಾದ ಮೇಲೆ ವಾಪಸ್ ತರುವುದು, ಇಷ್ಟೇ ಕೆಲಸ. ಹೆಸರು ಕೈಗೋಲು ಬಳಗ. ಸಿದ್ದಪ್ಪ ಸಾಹುಕಾರರು ತಮ್ಮ ಅಡತಿ ಅಂಗಡಿಯ ಹಿಂದಿನ ಕೋಣೆ ಬಿಟ್ಟುಕೊಟ್ಟರು. ಖಾಜಾಸಾಬರು ಸಾಮಾನು ಸಾಗಿಸಲು ತಮ್ಮ ಮೂರು ಗಾಲಿಯ ಟಂಟಂ ಗಾಡಿ ಕೊಟ್ಟರು. ಎಲ್ಲವೂ ಇತ್ತು, ಒಯ್ಯುವವರು ಮಾತ್ರ ಇರಲಿಲ್ಲ. ಬೋರ್ಡು ನೋಡಿ ಒಳಗೆ ಬಂದವನು ಒಬ್ಬ ಕುರಿ ಕಾಯುವವನು. ಗಟ್ಟಿಮುಟ್ಟಾದ ಕೋಲು ತೋರಿಸ್ರಿ ಎಂದನಂತೆ.

ಸಾಹುಕಾರರು ಒಳ್ಳೆಯವರು, ಆದರೆ ತೊಗರಿ ವ್ಯಾಪಾರಿ. ಸುಗ್ಗಿ ಬಂದರೆ ಅವರಿಗೆ ಅಂಗೈಯಗಲ ಜಾಗವೂ ಬಂಗಾರ. ಅವರು ಬಾಯಿಬಿಟ್ಟೇ ಹೇಳಿದರು: 'ಶಾಂತಕ್ಕ, ತೊಗರಿ ರಾಶಿ ಬರೂತನಕ ಖೋಲಿ ನಿಮ್ದು. ಅವಾಗೂ ಈ ಕುರ್ಚಿ ಖಾಲಿನೇ ಕುಂತಿದ್ರ, ಅಲ್ಲಿ ನನ್ನ ಚೀಲನಾರ ಕುಂದರಲಿ.' ಅಷ್ಟರೊಳಗೆ ಜನ ಬರಬೇಕು, ಇಲ್ಲವಾದರೆ ಬಳಗಕ್ಕೆ ಬೀಗ. ಜನ ಬರಬೇಕಾದರೆ ಬಳಗ ಏನು ಮಾಡುತ್ತದೆಂದು ನೋಡಿದ ಕೂಡಲೇ ತಿಳಿಯುವಂಥ ಒಂದು ಟ್ಯಾಗ್‌ಲೈನ್ ಬೇಕು. ಟ್ಯಾಗ್‌ಲೈನ್ ಅನ್ನಬೇಡಿ, ಘೋಷವಾಕ್ಯ ಅನ್ನಿ ಎಂದು ತಿದ್ದಿ, ಕೆಲಸ ಒಪ್ಪಿಕೊಂಡೆ.

ಸಭೆ ಸೇರಿತು. ಸಾಹುಕಾರರು, 'ಫುಕಟ್' ಅನ್ನುವ ಮಾತು ದಪ್ಪ ಅಕ್ಷರದಲ್ಲಿ ಇರಲೇಬೇಕು, ಉಳಿದದ್ದು ಏನಿದ್ದರೂ ನಡೆಯುತ್ತದೆ ಎಂದರು. ಪುಕ್ಕಟೆ ಎಂಬುದೇ ಘನತೆಯ ಶಬ್ದವಲ್ಲ, ಇನ್ನು ಫುಕಟ್ ಬರೆದರೆ ಕನ್ನಡದ ಗತಿ ಏನು ಎಂದು ನಾನು ಕೇಳಿದೆ. ಮೂರೂ ತಾಲ್ಲೂಕಿನ ಹೆಸರು ಹಾಕೋಣವೆಂದಾಗ ಯಡ್ರಾಮಿಯ ಕಡೆಯವರೊಬ್ಬರು ಎದ್ದು, ತಮ್ಮದು ಈಗ ಬೇರೆ ತಾಲ್ಲೂಕು, ಜೇವರ್ಗಿಯ ಬಾಲ ಹಿಡಿಯುವ ಕಾಲ ಮುಗಿಯಿತು ಎಂದು ಅರ್ಧ ಗಂಟೆ ತೆಗೆದುಕೊಂಡರು. ಕೊನೆಗೆ ಶಾಂತಕ್ಕ ಮೆಲ್ಲಗೆ, 'ಸರ, ಬಂದವರಿಗಿ ನಾ ಏನ್ ಹೇಳತೀನೋ ಅದೇ ಬರದ್ರ ಹ್ಯಾಂಗ್ರಿ? ಒಯ್ರಿ ಆರಾಮಾದ ಮ್ಯಾಲ ತಂದು ಕೊಡ್ರಿ ಅಂತ' ಎಂದರು. ನಾನು ನಕ್ಕೆ. ಅದು ಮಾತು ತಾಯಿ, ಘೋಷವಾಕ್ಯವಲ್ಲ, ಘೋಷವಾಕ್ಯಕ್ಕೆ ಧ್ವನಿ ಇರಬೇಕು, ವಾಚ್ಯಾರ್ಥದ ಆಚೆಗೆ ಇನ್ನೊಂದು ಅರ್ಥ ಹೊಳೆಯಬೇಕು ಎಂದು ಅವರಿಗೆ ಚಹಾ ಆರುವ ತನಕ ವಿವರಿಸಿದೆ. ಇನ್ನೊಂದು ಅರ್ಥ ಹೊಳೆಯಬೇಕು ಎಂಬ ಆ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಆಮೇಲೆ ಎರಡು ವಾರ ನಮ್ಮ ಮನೆಯಲ್ಲಿ ಶಾಂತಿ ಇರಲಿಲ್ಲ. ನಾನು ಪಡಸಾಲೆಯಲ್ಲಿ ಆ ಗೋಡೆಯಿಂದ ಈ ಗೋಡೆಗೆ ಅಡ್ಡಾಡುವುದು, ತುಟಿ ಅಲ್ಲಾಡಿಸುವುದು, ಥಟ್ಟನೆ ನಿಂತು ಬರೆಯುವುದು, ಬರೆದದ್ದನ್ನು ಹೊಡೆದು ಹಾಕುವುದು. ಕಸ ಗುಡಿಸುವಾಗಲೂ ಕಾಲಿಗೆ ಸಿಗುತ್ತೇನೆಂದು ನನ್ನ ಹೆಂಡತಿ ಮಹಾದೇವಿ ಎರಡು ಸಲ ನನ್ನನ್ನು ಹೊರಗೆ ಕಳಿಸಿದಳು. 'ಪರಿಕರ ಪ್ರದಾನವೇ ಪರಮ ಧ್ಯೇಯ' ಎಂದು ಓದಿ ಹೇಳಿದರೆ, 'ಇದರಾಗ ಗಾಲಿ ಕುರ್ಚಿ ಎಲ್ಲ್ಯದ?' ಎಂದು ಕೇಳಿದಳು. ನನಗೆ ಸಿಟ್ಟು ಬಂತು. ಹೀಗೆ ಹೊರಗೆ ತಳ್ಳಿಸಿಕೊಂಡ ಒಂದು ದಿನವೇ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಮಗ ತನ್ನ ಮುದಿ ತಂದೆಯನ್ನು ಎರಡೂ ಕೈಯಲ್ಲಿ ಎತ್ತಿ ಬಸ್ಸಿನೊಳಗೆ ಕೂಡಿಸುವುದನ್ನು ಕಂಡೆ. ಎದೆ ತುಂಬಿ ಬಂತು. ಸಾಲು ತಾನಾಗಿ ಹುಟ್ಟಿತು: ಒಂದು ಕರೆ ಸಾಕು, ಎತ್ತಲು ನಾವಿದ್ದೇವೆ. ಓಡಿ ಬಂದು ಮಹಾದೇವಿಗೆ ಹೇಳಿದೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಅವಳಿಗೂ ಎದೆ ತುಂಬಿ ಬಂತೆಂದು ತಿಳಿದೆ.

ಶಾಂತಕ್ಕ ಓದಿ, 'ಸರ, ಇದು ಒಂಥರಾ ಕೇಳಸತದಲ್ರಿ' ಎಂದರು. ಹೊಸ ಸಾಲು ಮೊದಲು ಹಾಗೇ ಕೇಳಿಸುವುದು, ಬರಬರುತ್ತ ರುಚಿ ಹತ್ತುತ್ತದೆ ಎಂದೆ. ಖಾಜಾಸಾಬರು ಗಾಡಿ ಓಡಿಸುವುದಲ್ಲದೆ ಬೋರ್ಡು ಬರೆಯುವುದರಲ್ಲೂ ಕೈ ಪಳಗಿದವರು. ಕುಂಚ ಅದ್ದಿ ಹಿಡಿದು, 'ಪಕ್ಕಾ ಇದೇ ಬರೀಲೇನ್ರಿ ಸರ?' ಎಂದು ಮೂರು ಸಲ ಕೇಳಿದರು. ಒತ್ತಕ್ಷರದ ಬಗ್ಗೆ ಅವರಿಗೆ ಸಂಶಯವಿರಬೇಕೆಂದು ತಕಾರಕ್ಕೆ ತಕಾರದ ಒತ್ತು ಎಂದು ಬಿಡಿಸಿ ಹೇಳಿದೆ. ಟಂಟಂನ ಎರಡೂ ಮಗ್ಗುಲಿಗೆ, ಬಿಳಿಯ ಮೇಲೆ ಕಡುನೀಲಿಯಲ್ಲಿ ನನ್ನ ಸಾಲು ಕುಳಿತಿತು. ಕೆಳಗೆ ನನ್ನ ಫೋನ್ ನಂಬರು.

ಗಾಡಿ ಮೂರು ತಾಲ್ಲೂಕು ತಿರುಗಿತು. ನಾನೂ ಎಷ್ಟೋ ಸಲ ಮುಂದೆ ಕುಳಿತು ಹೋಗಿಬಂದೆ. ಫೋನು ಬರಲಿಲ್ಲ ನಿಜ. ಆದರೆ ಗೌರವಕ್ಕೇನೂ ಕೊರತೆಯಿರಲಿಲ್ಲ. ಕರಜಗಿಯ ಕಟ್ಟೆಯ ಮೇಲೆ ಕುಳಿತ ಹಿರಿಯರು ಗಾಡಿ ಕಂಡು ಟೊಪ್ಪಿಗೆ ತೆಗೆದರು. ದಾರಿಯಲ್ಲಿ ಕೆಲವರು ನಿಂತು ಕೈ ಮುಗಿದರು. ಹೆಣ್ಣುಮಕ್ಕಳು ತಲೆಯ ಮೇಲೆ ಸೆರಗು ಎಳೆದುಕೊಂಡು ಬದಿಗೆ ಸರಿದು ದಾರಿ ಬಿಟ್ಟರು. ನಾನು ಕಿಟಕಿಯಿಂದ ಕೈ ಬೀಸಿದೆ. ಒಂದು ಸಾಲು ಜನರನ್ನು ಹೀಗೆ ತಟ್ಟಬಲ್ಲುದೆಂದು ನನಗೇ ಗೊತ್ತಿರಲಿಲ್ಲ. ಖಾಜಾಸಾಬರು ಮಾತ್ರ ದಿನದಿನಕ್ಕೆ ಮಂಕಾಗುತ್ತಿದ್ದರು. ಕೇಳಿದರೆ, ಏನಿಲ್ಲ ಸರ ಎನ್ನುತ್ತಿದ್ದರು.

ಹೊಲದಲ್ಲಿ ತೊಗರಿ ಕಾಯಿ ಕಟ್ಟಿತು. ಶಾಂತಕ್ಕ ಕುರ್ಚಿಗಳ ಮೇಲಿನ ದೂಳು ಒರೆಸುವುದನ್ನೂ ಬಿಟ್ಟುಬಿಟ್ಟರು. ಅಂಥ ಒಂದು ಬೆಳಿಗ್ಗೆ ನನ್ನ ಫೋನು ಬಡಿದುಕೊಂಡಿತು. ಭೂಸನೂರಿನಿಂದ ಯಾರೋ ಒಬ್ಬರು. ದನಿ ಭಾರವಾಗಿತ್ತು.

'ಎತ್ತೋರು ನೀವೇ ಏನ್ರಿ?'

ನನ್ನ ಸಾಲು ಓದಿದ ಮನುಷ್ಯ! 'ಹೌದ್ರಿ, ನಾವೇ' ಎಂದೆ.

'ನಮ್ಮ ದೊಡ್ಡಪ್ಪಾರದು. ಕುಂದ್ರಸಿ ಒಯ್ತೀರೋ, ಮಲಗಿಸಿ ಒಯ್ತೀರೋ?'

ಗಾಲಿ ಕುರ್ಚಿಯೂ ಇದೆ, ಮಂಚವೂ ಇದೆ. 'ಎರಡಕ್ಕೂ ವ್ಯವಸ್ಥಾ ಅದರಿ. ನಿಮಗ ಹ್ಯಾಂಗ ಬೇಕು ಹಂಗ.'

'ನಮ್ಮಲ್ಲಿ ಕುಂದ್ರಸೋದೇ ರೀ. ಹೊಲ ಊರಿಂದ ದೂರ ಅದ, ಅದಕ್ಕೇ ಗಾಡಿ ಬೇಕಾಗ್ಯದ.'

ರೋಗಿಗೆ ಹೊಲ ನೋಡುವ ಆಸೆ ಎಂದು ಅರ್ಥ ಮಾಡಿಕೊಂಡೆ. 'ಅಗದಿ ಛಲೋ ವಿಚಾರ ಮಾಡೀರಿ. ಹೊಲ ನೋಡಿದ್ರ ಜೀವಕ್ಕ ಸಮಾಧಾನ ಆಗತದ' ಎಂದೆ.

'ಹೌದ್ರಿ. ಅವರ ಆಸೆನೂ ಅದೇ ಇತ್ತು. ಹಂಗಾರ ಎಷ್ಟಕ್ಕ ಎತ್ತತೀರಿ? ಮಂದಿಗಿ ಹೇಳಬೇಕು.'

ಮಂದಿಗೂ ಹೇಳುತ್ತಾರಂತೆ! ಹನ್ನೆರಡು ಗಂಟೆಗೆ ಎಂದೆ. ಮೂವತ್ತು ವರ್ಷ ಭೂತಕಾಲ, ವರ್ತಮಾನಕಾಲ ಕಲಿಸಿದ ನನ್ನ ಕಿವಿಗೆ ಆ 'ಇತ್ತು' ಬೀಳಲಿಲ್ಲ. ಶಾಂತಕ್ಕನಿಗೆ ಫೋನು ಮಾಡಿ, ಸಾಲು ಫಲ ಕೊಟ್ಟಿತು ನೋಡಿ ಎಂದು ಹೇಳಿ, ಒಳ್ಳೆಯ ಗಾಲಿ ಕುರ್ಚಿಯೊಂದನ್ನು ನಾನೇ ಒರೆಸಿ ಗಾಡಿಗೆ ಹಾಕಿಸಿದೆ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತ ಭೂಸನೂರು ಮುಟ್ಟಿದಾಗ ಆ ಮನೆಯ ಮುಂದೆ ಊರೇ ನೆರೆದಿತ್ತು. ಖಾಜಾಸಾಬರು ನನ್ನ ತೋಳು ಹಿಡಿದು, 'ಸರ, ಒಂದ್ ನಿಮಿಷ ತಡೀರಿ' ಎಂದರು. ನಾನು ಕೊಡವಿಕೊಂಡೆ. ಜನ ದಾರಿ ಬಿಟ್ಟರು. ಕುರ್ಚಿ ತಳ್ಳಿಕೊಂಡು ಹೊಸ್ತಿಲಲ್ಲಿ ನಿಂತೆ. ಬಿಸಿಲಿನಿಂದ ಬಂದ ಕಣ್ಣಿಗೆ ಒಳಗೆ ಎದುರಿನ ಗೋಡೆಗೆ ಒರಗಿ ಹಿರಿಯರೊಬ್ಬರು ನೆಟ್ಟಗೆ ಕುಳಿತಿರುವುದಷ್ಟೇ ಕಂಡಿತು.

'ಏನ್ ಯಜಮಾನರ, ಅಗದಿ ಛಲೋ ಕುಂತೀರಿ! ಇನ್ನೊಂದು ತಿಂಗಳದಾಗ ತಿರಗಾಡತೀರಿ ನೋಡ್ರಿ' ಎಂದೆ, ಹಿಂದಿನ ಬೆಂಚಿಗೆ ಕೇಳಿಸುವ ದನಿಯಲ್ಲಿ.

ಆಮೇಲೆ ಕಣ್ಣು ಕತ್ತಲಿಗೆ ಹೊಂದಿಕೊಂಡಿತು. ಹಣೆಯ ತುಂಬ ವಿಭೂತಿ. ಕೊರಳಲ್ಲಿ ಹೂವಿನ ಹಾರ. ನಮ್ಮ ಕಡೆ ಲಿಂಗಾಯತರು ತೀರಿಕೊಂಡವರನ್ನು ಕೂಡಿಸಿಯೇ ಒಯ್ದು ಹೊಲವಿದ್ದರೆ ಹೊಲದಲ್ಲೇ ಮಣ್ಣು ಮಾಡುತ್ತಾರೆ, ಉಳಿದವರು ಮಲಗಿಸಿ ಒಯ್ಯುತ್ತಾರೆ. ಸತ್ತವರ ಮನೆಯ ಮುಂದೆ ನಿಂತವರು ಕೇಳುವ ಪ್ರಶ್ನೆಯೂ ಒಂದೇ, ಎಷ್ಟಕ್ಕ ಎತ್ತತಾರ ಎಂದು. ನಾನು ಲಿಂಗಾಯತ. ಈ ಮಣ್ಣಿನಲ್ಲೇ ಹುಟ್ಟಿದವನು. ನಮ್ಮಪ್ಪನನ್ನೂ ಹೀಗೇ ಕೂಡಿಸಿದ್ದೆವು, ಅವತ್ತು ನಾನೇ ಬಾಗಿಲಲ್ಲಿ ನಿಂತು ನಾಲ್ಕಕ್ಕೆ ಎತ್ತುತ್ತೇವೆ ಎಂದು ಬಂದವರಿಗೆಲ್ಲ ಹೇಳಿದ್ದೆ. ಈ ಮೂರು ತಾಲ್ಲೂಕಿನಲ್ಲಿ ಆ ಸಾಲಿನ ಅರ್ಥ ಗೊತ್ತಿಲ್ಲದಿದ್ದ ಒಬ್ಬನೇ ಮನುಷ್ಯ ಅದನ್ನು ಬರೆದವನು. ಭೂಮಿ ಬಾಯಿ ತೆರೆಯಬಾರದೇ ಅನ್ನಿಸಿತು. ಕುರ್ಚಿಯ ಹಿಡಿಕೆ ಬಿಡಲೂ ಆಗದೆ ನಿಂತೆ.

ಯಾರೂ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವರ ಹೆಂಡತಿ, ಎಪ್ಪತ್ತರ ಮೇಲಿನ ಹಿರಿಯಾಕೆ, ಎದ್ದು ಬಂದು ಕುರ್ಚಿಯನ್ನು ಮುಟ್ಟಿ ನೋಡಿದರು. ಗಾಲಿಯನ್ನು ಒಂದು ಸುತ್ತು ತಿರುಗಿಸಿದರು.

'ಇದು ಆರಾಮ ಇಲ್ಲದವರಿಗಿ ಕೊಡೋ ಕುರ್ಚಿ ಏನ್ರಿ ಸರ? ನಿಮ್ಮ ಗಾಡಿ ನಮ್ಮ ಮನಿ ಮುಂದ ಭಾಳ ಸಲ ಹೋಗ್ಯದ. ಹೋದಾಗೊಮ್ಮೆ ನಾ ಓಡಿ ಬಾಗಲಾ ಹಾಕತಿದ್ದೆ, ಅವರ ಕಣ್ಣಿಗಿ ಬೀಳಬಾರದಂತ. ಒಮ್ಮಿ ಹೊಲ ನೋಡತೀನಿ, ಒಮ್ಮಿ ಹೊಲ ನೋಡತೀನಿ ಅಂತಿದ್ರು.'

ಆಕೆ ಮಗನತ್ತ ತಿರುಗಿ, ತಂದಾರಲ್ಲ, ಇದರಾಗೇ ಒಯ್ರಿ ಎಂದರು. ಹಾಗೆ ಆ ಹಿರಿಯರು ಗಾಲಿ ಕುರ್ಚಿಯಲ್ಲಿ ಕುಳಿತು, ನನ್ನ ಸಾಲು ಹೊತ್ತ ಗಾಡಿಯಲ್ಲಿ ತಮ್ಮ ಹೊಲಕ್ಕೆ ಹೋದರು. ನಾನು ಹಿಂದಿನಿಂದ ನಡೆದೆ. ಬರೆದದ್ದನ್ನು ಬರೆದ ಹಾಗೆಯೇ ನಡೆಸಿಕೊಟ್ಟದ್ದು ನನ್ನ ಜೀವನದಲ್ಲಿ ಅದೊಂದೇ ಸಲ.

ಬರುವಾಗ ದಾರಿಯಲ್ಲಿ ಖಾಜಾಸಾಬರು ತಮ್ಮ ಮಂಕಿನ ಕಾರಣ ಹೇಳಿದರು. ಆ ಸಾಲು ಬರೆದ ದಿನದಿಂದ ಅವರಿಗೆ ಮದುವೆ ಸಾಮಾನು ಹೇರುವ ಬಾಡಿಗೆ ಒಂದೂ ಬಂದಿರಲಿಲ್ಲ. ಮತ್ತೆ ಯಾಕೆ ಒಬ್ಬರೂ ಹೇಳಲಿಲ್ಲ ಎಂದು ನಾನು ಹೆಚ್ಚುಕಡಿಮೆ ಅತ್ತೇ ಕೇಳಿದೆ. 'ನೀವು ಕನ್ನಡ ಸರ ಅದೀರಿ. ನಮಗ ತಿಳೀಲಾರದ ಅರ್ಥ ಏನರ ಇರಬೇಕಂತ ಸುಮ್ಮಕಿದ್ವಿ' ಎಂದರು. ಮನೆಯಲ್ಲಿ ಮಹಾದೇವಿಯನ್ನು ಕೇಳಿದರೆ, ಎರಡು ವಾರದ ಮೇಲೆ ನಿಮ್ಮ ಮುಖದಲ್ಲಿ ನಗು ಕಂಡಿತ್ತು, ಕೆಡಿಸಲು ಮನಸ್ಸಾಗಲಿಲ್ಲ ಎಂದಳು. ಇದಕ್ಕಿಂತ ದೊಡ್ಡ ಬೈಗುಳವನ್ನು ನಾನು ಕೇಳಿಲ್ಲ.

ಮರುದಿನವೇ ಶಾಂತಕ್ಕನ ಮನೆಗೆ ಹೋಗಿ, ನಿಮ್ಮ ಮಾತನ್ನೇ ಬರೆಸೋಣ ಎಂದೆ. ಅವರು ಗೆದ್ದ ಮುಖ ಮಾಡಲಿಲ್ಲ, ಚಹಾ ಮಾಡಿಕೊಟ್ಟರು. ಖಾಜಾಸಾಬರು ಈ ಸಲ ಒಂದು ಸಲವೂ ಪಕ್ಕಾ ಏನ್ರಿ ಎಂದು ಕೇಳದೆ ಬರೆದರು. 'ಒಯ್ರಿ, ಆರಾಮಾದ ಮ್ಯಾಲ ತಂದು ಕೊಡ್ರಿ.' ಪಕ್ಕದಲ್ಲಿ ಒಂದು ಗಾಲಿ ಕುರ್ಚಿಯ ಚಿತ್ರ, ಮೂಲೆಯಲ್ಲಿ ಸಾಹುಕಾರರ ಸಮಾಧಾನಕ್ಕೆ 'ಫುಕಟ್'. ಫೋನ್ ನಂಬರು ಶಾಂತಕ್ಕನದು. ಆ ವಾರವೇ ಕರಜಗಿಯವರು ಬಂದರು, ಹಿಂದೆಯೇ ಯಡ್ರಾಮಿಯವರು. ತೊಗರಿ ರಾಶಿ ಬಂದಾಗ ಕೋಣೆಯಲ್ಲಿ ಒಂದು ಕುರ್ಚಿಯೂ ಉಳಿದಿರಲಿಲ್ಲ. ಖಾಲಿ ಕೋಣೆ ನೋಡಿ ಸಾಹುಕಾರರು ಚೀಲ ಒಳಗಿಡಲು ಹೋದರಂತೆ. ಕುರ್ಚಿಗಳು ತಿರುಗಿ ಬಂದಾಗ ಎಲ್ಲಿ ಕೂರಬೇಕು ಎಂದು ಶಾಂತಕ್ಕ ಕೇಳಿದ ಮೇಲೆ ಚೀಲಗಳನ್ನು ಪಡಸಾಲೆಗೆ ಹಾಕಿಸಿದರು. ಭೂಸನೂರಿಗೆ ಹೋಗಿಬಂದ ಕುರ್ಚಿಯನ್ನು ಶಾಂತಕ್ಕ ತೊಳೆದು ಒಣಗಿಸಿ ಉಳಿದವುಗಳ ನಡುವೆ ಸೇರಿಸಿಬಿಟ್ಟರು. ಅದು ಯಾವುದೆಂದು ಯಾರಿಗೂ ಹೇಳಿಲ್ಲ, ನನ್ನನ್ನೂ ಕೇಳಬೇಡಿ.

ಆ ಸಾಲಿನಲ್ಲಿ ನನ್ನದು ಅಂತ ಇದ್ದದ್ದು ಒಂದೇ. ಶಾಂತಕ್ಕ ಒಂದೇ ಉಸಿರಿಗೆ ಹೇಳಿದ್ದರು, ಖಾಜಾಸಾಬರು ಊಟಕ್ಕೆ ಹೋದಾಗ ಅವರ ಕುಂಚದಿಂದ 'ಒಯ್ರಿ' ಆದ ಮೇಲೆ ಎರಡೂ ಕಡೆ ಅಲ್ಪವಿರಾಮ ಹಾಕಿದವನು ನಾನು. ಓದುವವರು ಅಲ್ಲಿ ಕ್ಷಣ ನಿಲ್ಲಲಿ, ಧ್ವನಿ ಹೊಳೆಯಲಿ ಎಂದು. ಬಂದವರನ್ನೆಲ್ಲ ಗಾಡಿಯ ಹತ್ತಿರ ಕರೆದೊಯ್ದು ಅದನ್ನು ತೋರಿಸುತ್ತಿದ್ದೆ. ಮೊನ್ನೆ ಹೋದಾಗ ಆ ಅಲ್ಪವಿರಾಮ ಇರಲಿಲ್ಲ. ಖಾಜಾಸಾಬರು ಗಾಡಿ ತೊಳೆಯುತ್ತಿದ್ದರು.

'ಎರಡೂ ಕಡಿ ಇಲ್ಲೇ ಹನಿ ಬಣ್ಣ ಸೋರಿತ್ತರಿ ಸರ' ಎಂದರು. 'ಚಂದ ಕಾಣವಲ್ದಂತ ಕೆರದು ತಗದೇನಿ.'

ದೂರ ನಿಂತು ಒಂದು ಸಲ, ಹತ್ತಿರ ಬಂದು ಒಂದು ಸಲ ಓದಿದೆ. ನಾನಿಲ್ಲದೆ ಸಾಲು ಆರಾಮಾಗಿತ್ತು.